ಒಬ್ಬನ ಕೈಯಲ್ಲಿ ಆಗುವಷ್ಟು ಮನೆ

ಮೊದಲ ನಕ್ಷೆಯಲ್ಲಿ ನಾನು ಬರೆದುಕೊಂಡಿದ್ದ ತೊಲೆ 4 ಮೀಟರ್ ಉದ್ದ, 20 ಸೆಂ.ಮೀ. ಎತ್ತರ, 10 ಸೆಂ.ಮೀ. ದಪ್ಪ. ಒಣಗಿದ ಮರ ಘನ ಮೀಟರಿಗೆ ಸುಮಾರು 600 ಕೆ.ಜಿ. ಅಂತ ಹಿಡಿದರೆ ಒಂದೊಂದು ತೊಲೆ 48 ಕೆ.ಜಿ. ತೂಗುತ್ತದೆ. ಅದನ್ನು ಎತ್ತಿ, ಕಂಬದ ಮೇಲೆ ಕೂರಿಸಿ, ಅಲ್ಲಾಡದ ಹಾಗೆ ಹಿಡಿದುಕೊಂಡು ಬೋಲ್ಟ್ ಹಾಕಬೇಕು. ಹಿಡಿದುಕೊಳ್ಳುವುದಕ್ಕೆ ಇನ್ನೊಬ್ಬರು ಇಲ್ಲ. ಹಳ್ಳಿ ಕಡೆ ಒಂದು ಸಣ್ಣ ಜಾಗ ತಗೊಂಡು, ರಜಾ ದಿನ ಹೋಗಿ ಇರುವುದಕ್ಕೆ ಒಂದು ಮನೆ, ಅದೂ ಪೂರ್ತಿ ನನ್ನ ಕೈಯಿಂದಲೇ ಆಗಬೇಕು ಅಂತ ಹೊರಟವನು ನಾನು. ಆ ಕಾಗದದ ಮುಂದೆ ಒಂದು ಸಂಜೆ ಪೂರ್ತಿ ಕೂತಿದ್ದೆ.

ಕೊನೆಗೆ ತೊಲೆಯನ್ನೇ ಎರಡು ಮಾಡಿದೆ. 5 ಸೆಂ.ಮೀ. ದಪ್ಪದ ಎರಡು ಹಲಗೆ, ಒಂದೊಂದು 24 ಕೆ.ಜಿ. ಒಂದನ್ನು ಮೇಲಿಟ್ಟು ನಿಲ್ಲಿಸಿ, ಪಕ್ಕಕ್ಕೆ ಇನ್ನೊಂದನ್ನು ಇಟ್ಟು, ನಡುನಡುವೆ ಬೋಲ್ಟ್ ಬಿಗಿದರೆ ತೊಲೆ ಆಯಿತು. ಅವತ್ತೇ ಒಂದು ನಿಯಮ ಮಾಡಿಕೊಂಡೆ, ಮನೆ ಮುಗಿಯುವ ತನಕ ಅದನ್ನು ಬಿಡಲಿಲ್ಲ. ನಾನು ಎತ್ತಬೇಕಾದ ಯಾವ ತುಂಡೂ 25 ಕೆ.ಜಿ. ದಾಟಬಾರದು. 50 ಕೆ.ಜಿ. ಸಿಮೆಂಟ್ ಮೂಟೆಯನ್ನು ಗಾಡಿಯಲ್ಲೇ ಬಿಚ್ಚಿ ಬಕೆಟ್‌ಗಳಿಗೆ ಹಂಚಿ ಒಯ್ಯುತ್ತಿದ್ದೆ. ನಿಧಾನ ಆಗುತ್ತದೆ, ನಿಜ. ಆದರೆ ಬೆನ್ನು ಹಿಡಿದುಕೊಂಡರೆ ಇನ್ನೂ ನಿಧಾನ ಆಗುತ್ತದೆ ಅಲ್ವಾ?

ಕಟ್ಟುವುದಕ್ಕೆ ಮುಂಚೆ ನಾನು ಮಾಡಿದ ಒಳ್ಳೆ ಕೆಲಸ ಅಂದರೆ ಒಂದು ವರ್ಷ ಏನೂ ಕಟ್ಟದೇ ಇದ್ದದ್ದು. ಜಾಗ ನೋಡುವಾಗಲೇ ಎರಡು ವಿಷಯ ಪಟ್ಟಾಗಿ ಕೇಳಿದ್ದೆ. ದಾರಿ ಹಕ್ಕು ಕಾಗದದಲ್ಲಿ ಇದೆಯಾ, ಬಿರು ಬೇಸಗೆಯಲ್ಲಿ ಸುತ್ತಲಿನ ಬಾವಿಗಳಲ್ಲಿ ನೀರು ಎಷ್ಟಿರುತ್ತದೆ. ಎಲ್ಲ ಜಾಗವೂ ಮಳೆ ಮುಗಿದ ಮೇಲೆ ಚೆಂದ ಕಾಣುತ್ತದೆ, ಅದಕ್ಕೇ ಕೇಳಿದ್ದು. ಆಮೇಲೆ ಒಂದು ಟೆಂಟ್ ಮತ್ತು ಒಂದು ಬೆಂಚು ಇಟ್ಟುಕೊಂಡು ಪ್ರತಿ ಕಾಲದಲ್ಲೂ ಹೋಗಿ ಮಲಗಿ ಬಂದೆ. ಬೆಂಚನ್ನು ಮನೆಗಿಂತ ಮೊದಲು ಮಾಡಿದ್ದು ಬೇಕಂತಲೇ. ಎಲ್ಲಿ ಕೂತರೆ ಸಂಜೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಗಾಳಿ ಯಾವ ಕಡೆಯಿಂದ ಬರುತ್ತದೆ, ರಾತ್ರಿ ಥಂಡಿ ಎಲ್ಲಿ ಇಳಿದು ನಿಲ್ಲುತ್ತದೆ, ಇದೆಲ್ಲ ಆ ಬೆಂಚನ್ನು ಅಲ್ಲಿಂದಿಲ್ಲಿಗೆ ಎಳೆದಾಡುತ್ತಾ ಗೊತ್ತಾಯಿತು.

ಮೊದಲು ನಾನು ಮನೆಗೆ ಅಂತ ಗುರುತು ಹಾಕಿದ್ದ ಜಾಗ ಸಮತಟ್ಟಾಗಿತ್ತು, ಎರಡು ದೊಡ್ಡ ಮರಗಳ ನಡುವೆ ಇತ್ತು, ನೋಡಿದ ತಕ್ಷಣ ಮನಸ್ಸಿಗೆ ಹಿಡಿಸಿತ್ತು. ಜೋರು ಮಳೆ ಬಂದ ಒಂದು ದಿನ ಅಲ್ಲೇ ನಿಂತಿದ್ದೆ. ಮೇಲಿನ ದಿಣ್ಣೆಯಿಂದ ಇಳಿದ ನೀರು ಪಾದ ಮುಳುಗುವಷ್ಟು ಹರಿಯಿತು. ಒಣ ದಿನದಲ್ಲಿ ನೋಡಿದರೆ ಅಲ್ಲಿ ನೀರಿನ ದಾರಿ ಇದೆ ಅಂತ ಹೇಳುವ ಗುರುತೇ ಇಲ್ಲ. ಗೂಟಗಳನ್ನೆಲ್ಲ ಕಿತ್ತು ಇಪ್ಪತ್ತು ಹೆಜ್ಜೆ ಮೇಲಕ್ಕೆ ಹೋದೆ, ಮನೆಯ ಮೇಲ್ಬದಿಗೆ ಒಂದು ಅಡ್ಡ ಕಾಲುವೆ ತೋಡಿದೆ. ಇವತ್ತಿಗೂ ಪ್ರತಿ ಮಳೆಗೆ ಆ ಹಳೇ ಜಾಗದಲ್ಲಿ ನೀರು ಹರಿಯುವುದನ್ನು ಜಗಲಿಯಿಂದ ನೋಡುತ್ತೇನೆ.

ಮನೆ ಅಂದರೆ 4×6 ಮೀಟರ್, ಅಷ್ಟೇ. ಅದರಲ್ಲೇ ಒಂದು ಬದಿ ಜಗಲಿ. ಪೂರ್ತಿ ಪಾಯ ತೋಡದೆ, 2 ಮೀಟರಿಗೆ ಒಂದರಂತೆ 12 ಕಾಂಕ್ರೀಟ್ ಕಂಬ ನಿಲ್ಲಿಸಿ, ನೆಲವನ್ನು ಮಣ್ಣಿನಿಂದ ಮೇಲಕ್ಕೆತ್ತಿದ್ದೇನೆ. ಕೆಳಗೆ ಗಾಳಿ ಆಡುತ್ತದೆ, ಗೆದ್ದಲು ಹತ್ತಿದರೆ ಕಂಬದ ಮೇಲೆ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ. ಮೂಲೆ ಹಿಡಿಯುವುದಕ್ಕೆ 3, 4, 5 ಮೀಟರಿನ ದಾರದ ತ್ರಿಕೋನ ಸಾಕು. ಆದರೆ ಕೊನೆಗೆ ಕರ್ಣ ಅಳೆಯದೇ ಗುಂಡಿ ತೋಡಬೇಡಿ. 4×6ಕ್ಕೆ ಎರಡೂ ಕರ್ಣ 7.21 ಮೀಟರ್ ಬರಬೇಕು. ನನಗೆ ಮೊದಲ ಸಲ ಒಂದು 7.17, ಇನ್ನೊಂದು 7.25 ಬಂತು. ಕಣ್ಣಿಗೆ ಸರಿಯಾಗೇ ಕಾಣುತ್ತಿತ್ತು. ಹಾಗೇ ಬಿಟ್ಟಿದ್ದರೆ ಮಾಡಿನ ತಗಡು ಹಾಕುವಾಗ ಒಂದು ಅಂಚು ಸೊಟ್ಟ ಆಗುತ್ತಿತ್ತು. ಮಟ್ಟ ನೋಡುವುದಕ್ಕೆ ನೀರು ತುಂಬಿದ ಪಾರದರ್ಶಕ ಪೈಪ್ ಬಳಸಿದೆ. ಒಂದು ತುದಿಯನ್ನು ಗೂಟಕ್ಕೆ ಕಟ್ಟಿಬಿಟ್ಟರೆ ಒಬ್ಬರೇ ನೋಡಬಹುದು, ಪೈಪಿನೊಳಗೆ ಗಾಳಿ ಗುಳ್ಳೆ ಇರಬಾರದು, ಅಷ್ಟೇ.

30 ಸೆಂ.ಮೀ. ಚೌಕದ, 75 ಸೆಂ.ಮೀ. ಎತ್ತರದ ಒಂದು ಕಂಬಕ್ಕೆ ಸುಮಾರು 160 ಕೆ.ಜಿ. ಕಾಂಕ್ರೀಟ್ ಬೇಕು. ಕೈಯಲ್ಲೇ ಕಲಸುವುದಾದರೆ ದಿನಕ್ಕೆ ಎರಡು ಕಂಬ ನನ್ನ ಮಿತಿ. ಮೂರನೆಯದಕ್ಕೆ ಹೋದ ದಿನ ಆತುರಕ್ಕೆ ನೀರು ಜಾಸ್ತಿ ಹಾಕಿ ಕಲಸಿಬಿಟ್ಟೆ. ನೀರು ಜಾಸ್ತಿ ಇದ್ದರೆ ಕಲಸುವುದು ಸುಲಭ, ಗಟ್ಟಿತನ ಮಾತ್ರ ಹೋಗುತ್ತದೆ. ಆ ಕಂಬವನ್ನು ಒಡೆದು ಮತ್ತೆ ಹಾಕಿದೆ. ಆಮೇಲೆ ಗೋಣಿಚೀಲ ಸುತ್ತಿ 7 ದಿನ ಒದ್ದೆಯಾಗಿ ಇಟ್ಟೆ, 28 ದಿನ ಆಗುವ ತನಕ ಭಾರ ಹೊರಿಸಲಿಲ್ಲ. ವಾರದ ಕೊನೆಗೆ ಮಾತ್ರ ಬರುವವರು ಒದ್ದೆ ಗೋಣಿಚೀಲದ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು ಕಟ್ಟಿ ಹೋಗಿ, ಬೇಗ ಒಣಗುವುದಿಲ್ಲ.

ಗೋಡೆಗಳದ್ದು ನನಗೆ ಪೆಟ್ಟು ಕೊಟ್ಟ ಕೆಲಸ. ನೆಲದ ಮೇಲೆ ಮಲಗಿಸಿ ಚೌಕಟ್ಟು ಮಾಡಿ, ಆಮೇಲೆ ಎತ್ತಿ ನಿಲ್ಲಿಸುವ ಕ್ರಮ ನನ್ನದು. 2 ಮೀಟರ್ ಅಗಲದ ಒಂದೊಂದು ಚೌಕಟ್ಟು ಸುಮಾರು 40 ಕೆ.ಜಿ. ಇತ್ತು. ನಿಯಮ ಮುರಿದ ಹಾಗಲ್ಲವಾ ಅಂತ ಕೇಳಬಹುದು. ಬುಡ ನೆಲದ ಮೇಲೇ ಇರುವುದರಿಂದ ಕೈಗೆ ಬರುವುದು ಅರ್ಧ ಭಾರ, ನೆಟ್ಟಗಾಗುತ್ತಾ ಹೋದಂತೆ ಅದೂ ಕಡಿಮೆ ಆಗುತ್ತದೆ. ಬುಡ ಜಾರದಂತೆ ಅಂಚಿಗೆ ಒಂದು ಪಟ್ಟಿ ಹೊಡೆದಿರಬೇಕು. ಮೂರನೇ ಚೌಕಟ್ಟು ಎತ್ತಿ ನಿಲ್ಲಿಸಿ, ಒಂದು ಕೈಯಲ್ಲಿ ಹಿಡಿದುಕೊಂಡು ಆಸರೆ ಕೋಲಿಗೆ ಕೈ ಚಾಚಿದೆ, ಅಷ್ಟರಲ್ಲಿ ಗಾಳಿ ಬೀಸಿತು. ಚೌಕಟ್ಟು ನನ್ನ ಭುಜದ ಮೇಲೇ ಬಿತ್ತು. ಮೂಳೆ ಮುರಿಯಲಿಲ್ಲ, ಆದರೆ ಐದು ವಾರ ಬಲಗೈ ಮೇಲೆತ್ತಲು ಆಗಲಿಲ್ಲ. ಅದಾದ ಮೇಲೆ ಆಸರೆ ಕೋಲುಗಳನ್ನು ಮಲಗಿದ್ದಾಗಲೇ ಚೌಕಟ್ಟಿಗೆ ಒಂದೊಂದು ಮೊಳೆಯಿಂದ ಸಡಿಲವಾಗಿ ಹೊಡೆದಿಡುತ್ತಿದ್ದೆ. ಚೌಕಟ್ಟು ಎದ್ದರೆ ಕೋಲೂ ಜೊತೆಗೆ ಬರುತ್ತದೆ, ಅದರ ಬುಡ ಕಾಲಿನಿಂದ ಒತ್ತಿ ಸಿಕ್ಕಿಸಬಹುದು. ಇನ್ನೊಂದು, ಸಂಜೆ 6ಕ್ಕೆ ಅಕ್ಕನಿಗೆ ಫೋನ್ ಮಾಡುವುದು ಶುರುವಾಯಿತು. 7 ಗಂಟೆ ತನಕ ನನ್ನ ಫೋನ್ ಬರಲಿಲ್ಲ ಅಂದರೆ ಅವಳು ಪಕ್ಕದ ಹೊಲದವರಿಗೆ ಫೋನ್ ಮಾಡಿ ನೋಡಿ ಬರಲು ಹೇಳಬೇಕು. ಒಬ್ಬರೇ ಕೆಲಸ ಮಾಡುವವರು ಉಳಿ, ಸುತ್ತಿಗೆ ತಗೊಳ್ಳುವ ಮೊದಲೇ ಇಂಥ ಒಂದು ಏರ್ಪಾಡು ಮಾಡಿಕೊಳ್ಳಿ ಅಂತ ಕೈಮುಗಿದು ಕೇಳುತ್ತೇನೆ.

ಮಾಡು ಒಂದೇ ಕಡೆಗೆ ಇಳಿಜಾರು. ಎರಡು ಕಡೆ ಇಳಿಜಾರು ಇದ್ದರೆ ನೋಡುವುದಕ್ಕೆ ಚೆಂದ, ಆದರೆ ನಡುವೆ ಸೋರುವುದಕ್ಕೆ ಒಂದು ಸಂದು, ಎರಡು ಕಡೆಗೂ ನೀರಿನ ದೋಣಿ. ಒಂದೇ ಇಳಿಜಾರಿಗೆ ಒಂದೇ ದೋಣಿ, ಒಂದೇ ಪೈಪ್. ತಗಡುಗಳನ್ನು ಬೆಳಗಿನ ಜಾವ ಗಾಳಿ ಎದ್ದೇಳುವ ಮೊದಲು ಮಾತ್ರ ಮೇಲೆ ಹಾಕಿದೆ. ಎರಡು ಉದ್ದದ ಗಳುಗಳನ್ನು ಓರೆಯಾಗಿ ಒರಗಿಸಿ, ಅದರ ಮೇಲೆ ತಗಡು ಜಾರಿಸಿ, ಮೇಲಿನಿಂದ ಹಗ್ಗದಲ್ಲಿ ಎಳೆದುಕೊಳ್ಳುತ್ತಿದ್ದೆ. ಏಣಿ 4 ಅಡಿ ಎತ್ತರಕ್ಕೆ 1 ಅಡಿಯಂತೆ ಬುಡ ಹೊರಗೆ ಇರಬೇಕು, ತುದಿ ಸೂರಿಗಿಂತ ಒಂದು ಮೀಟರ್ ಮೇಲೆ ಇರಬೇಕು. ಸ್ಕ್ರೂಗಳನ್ನು ತಗಡಿನ ಉಬ್ಬಿನ ಮೇಲೆ ಹಾಕಿದೆ, ತಗ್ಗಿನಲ್ಲಿ ನೀರು ಹರಿಯುತ್ತದಲ್ಲ. ರಬ್ಬರ್ ವಾಷರ್ ಸ್ವಲ್ಪ ಅಮುಕಿದರೆ ಸಾಕು, ಹೊರಗೆ ಉಬ್ಬಿ ಬರುವಷ್ಟು ಬಿಗಿದರೆ ಬಿಸಿಲಿಗೆ ಬೇಗ ಸೀಳುತ್ತದೆ.

ನೀರಿನ ಲೆಕ್ಕ ನನಗೆ ತುಂಬಾ ಖುಷಿ ಕೊಟ್ಟ ಭಾಗ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಸೂರು ಸೇರಿ ನನ್ನ ಮಾಡು 35 ಚದರ ಮೀಟರ್. 10 ಮಿ.ಮೀ. ಮಳೆಗೆ 350 ಲೀಟರ್, ಚೆಲ್ಲಿದ್ದು ಆರಿದ್ದು ಕಳೆದರೂ 280 ಕೈಗೆ ಸಿಗುತ್ತದೆ. ಮಾಡಿನ ಧೂಳು, ಹಕ್ಕಿ ಹಿಕ್ಕೆ ತೊಳೆದು ಬರುವ ಮೊದಲ 50 ಲೀಟರ್ ಬೇರೆ ಪೈಪಿಗೆ ಹೋಗುವ ಹಾಗೆ ಮಾಡಿದ್ದೇನೆ. ಅಷ್ಟಾದ ಮೇಲೂ ಕುಡಿಯುವ ನೀರನ್ನು ಸೋಸಿ ಕುದಿಸಿಯೇ ಕುಡಿಯುತ್ತೇನೆ. 2,000 ಲೀಟರ್ ಟ್ಯಾಂಕ್ ತುಂಬಿದಾಗ ನೀರೇ 2 ಟನ್ ಆಗುತ್ತದೆ, ಅದರ ಕಟ್ಟೆಗೆ ನಾನು ಮನೆಯ ಕಂಬಗಳಷ್ಟೇ ಜೋಪಾನ ಮಾಡಿದೆ. ಮೊದಲು ಸಣ್ಣ ಪೈಪ್ ಹಾಕಿದ್ದೆ, ನಲ್ಲಿಯಲ್ಲಿ ನೀರು ಎಳೆಯಾಗಿ ಬರುತ್ತಿತ್ತು. 3 ಮೀಟರ್ ಎತ್ತರದ ನೀರಿಗೆ ಸಿಗುವ ಒತ್ತಡ ಬರೀ 0.3 ಬಾರ್. ದಪ್ಪ ಪೈಪ್ ಹಾಕಿದ ಮೇಲೆ ಸರಿಹೋಯಿತು.

ಕರೆಂಟಿಗೆ ಸೋಲಾರ್. ಏನು ಬೇಕು ಅಂತ ಮೊದಲು ಬರೆದುಕೊಳ್ಳಿ, ಪ್ಯಾನೆಲ್ ಆಮೇಲೆ. 30 ವ್ಯಾಟ್ ಫ್ಯಾನ್ 8 ಗಂಟೆ, 7 ವ್ಯಾಟಿನ ನಾಲ್ಕು ಬಲ್ಬ್ 4 ಗಂಟೆ, ಫೋನು, ಸ್ವಲ್ಪ ಹೊತ್ತು ಲ್ಯಾಪ್‌ಟಾಪ್, ಎಲ್ಲ ಸೇರಿ ದಿನಕ್ಕೆ 500 ವ್ಯಾಟ್ ಅವರ್ ಒಳಗೆ. 12 ವೋಲ್ಟ್ 100 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 1,200 ಇರುತ್ತದೆ, ಸೀಸದ ಬ್ಯಾಟರಿ ಬಾಳಬೇಕಾದರೆ ಅರ್ಧ ಮಾತ್ರ ಬಳಸಬೇಕು, ಅಂದರೆ 600. ಹಾಗಾಗಿ ಒಂದು ದಿನಕ್ಕೆ ಸಾಕು, ಮೋಡ ಕವಿದ ಎರಡನೇ ದಿನ ಫ್ಯಾನ್ ಬಂದ್. ಫ್ರಿಡ್ಜ್ ಬೇಡ ಅಂತ ಬಿಟ್ಟಿದ್ದರಿಂದಲೇ ಇಷ್ಟರಲ್ಲಿ ಮುಗಿಯಿತು.

ಶೌಚಾಲಯ ಒಣ ಪದ್ಧತಿಯದ್ದು, ಅಂದರೆ ನೀರು ಹೊಯ್ಯದೆ ಎಲ್ಲ ಒಂದು ಡ್ರಮ್ಮಿಗೆ ಬೀಳುವಂಥದ್ದು, ಬಾವಿಯಿಂದ ದೂರ. ಪ್ರತಿ ಸಲ ಮರದ ಹೊಟ್ಟು ಮುಚ್ಚಿದರೆ ವಾಸನೆ ಬರುವುದಿಲ್ಲ, ತುಂಬಿದ ಡ್ರಮ್ಮನ್ನು ಒಂದು ವರ್ಷಕ್ಕಿಂತ ಮುಂಚೆ ಮುಟ್ಟುವುದಿಲ್ಲ. ಇನ್ನು ಇಲಿಗಳು. 6 ಮಿ.ಮೀ. ಸಂದು ಇದ್ದರೆ ಸಣ್ಣ ಇಲಿ ನುಗ್ಗುತ್ತದೆ, ಹಾಗಾಗಿ ಎಲ್ಲ ಸಂದಿಗೂ ಕಬ್ಬಿಣದ ಜಾಲರಿ ಹೊಡೆದಿದ್ದೇನೆ. ಸೌದೆ ರಾಶಿಯನ್ನು ಮನೆಗೆ ತಾಗಿಸಿ ಇಡಬೇಡಿ, ಇಲಿ ಬಂದರೆ ಹಾವೂ ಬರುತ್ತದೆ.

ಎರಡು ವರ್ಷದಲ್ಲಿ 61 ವಾರಾಂತ್ಯ ಹಿಡಿಯಿತು. ಮುಗಿದ ಮೇಲೆ ಒಂದು ತೊಂದರೆ ಶುರುವಾಯಿತು, ಸುಮ್ನೆ ಕೂರುವುದಕ್ಕೇ ಬರುತ್ತಿರಲಿಲ್ಲ. ಹೋದಾಗಲೆಲ್ಲ ಏನೋ ಒಂದು ಬಿಚ್ಚುವುದು, ಏನೋ ಒಂದು ಬಿಗಿಯುವುದು. ಈಗ ಸಂಜೆ 4 ಆದರೆ ಸಾಮಾನೆಲ್ಲ ಪೆಟ್ಟಿಗೆಗೆ ಹೋಗಬೇಕು, ಪೆಟ್ಟಿಗೆ ಮುಚ್ಚಬೇಕು ಅಂತ ಮಾಡಿಕೊಂಡಿದ್ದೇನೆ. ಆಮೇಲೆ ಅದೇ ಹಳೇ ಬೆಂಚು. ಈಗ ಅದು ಜಗಲಿಯಲ್ಲಿದೆ. ಹೊರಗಿನ ಬಲ್ಬ್ ಹಾಕುವುದಿಲ್ಲ, ಇಪ್ಪತ್ತು ಮೂವತ್ತು ನಿಮಿಷ ಕತ್ತಲಲ್ಲಿ ಕೂತರೆ ಕಣ್ಣು ಹೊಂದಿಕೊಂಡು ಆಕಾಶದಲ್ಲಿ ಮೊದಲು ಕಾಣದ ಎಷ್ಟೋ ನಕ್ಷತ್ರ ಕಾಣುತ್ತವೆ.

6 ಗಂಟೆಯ ಫೋನ್ ಇನ್ನೂ ನಿಂತಿಲ್ಲ. "ಏನೋ ಮಾಡಿದೆ ಇವತ್ತು?" ಅಂತ ಅಕ್ಕ ಕೇಳುತ್ತಾಳೆ. ಮುಂಚೆ ಎಷ್ಟು ಕಂಬ, ಎಷ್ಟು ತಗಡು ಅಂತ ಲೆಕ್ಕ ಕೊಡುತ್ತಿದ್ದೆ. ಈಗೀಗ ಹೇಳುವುದಕ್ಕೆ ಕೆಲಸ ಏನೂ ಇರುವುದಿಲ್ಲ, ಮಳೆ ಬರುತ್ತಿದ್ದರೆ ಫೋನನ್ನು ತಗಡಿನ ಕಡೆ ಎತ್ತಿ ಹಿಡಿದು ಅವಳಿಗೂ ಕೇಳಿಸುತ್ತೇನೆ.