ಅಜ್ಜಿಯ ಮಾತೂ ಕೇಳಬೇಕು: ಮನೆಯಲ್ಲಿ ಸ್ಮಾರ್ಟ್ ಸ್ಪೀಕರ್ ಜೋಡಿಸುವುದು ಹೇಗೆ?

ಮುಂಬೈಯ ಕನ್ನಡ ಮನೆಗಳಲ್ಲಿ, ಹೇಳಿದ ಮಾತು ಕೇಳಿ ಕೆಲಸ ಮಾಡುವ ಸ್ಮಾರ್ಟ್ ಸ್ಪೀಕರ್ ಈಗ ಹೊಸ ವಸ್ತುವಲ್ಲ. ದೀಪಾವಳಿ ಸೇಲ್‌ನಲ್ಲಿ ಮಗ ತಂದದ್ದೋ, ಆಫೀಸಿನಲ್ಲಿ ಗಿಫ್ಟ್ ಸಿಕ್ಕಿದ್ದೋ, ಅಂತೂ ಟಿವಿ ಪಕ್ಕ ದುಂಡಗಿನ ಡಬ್ಬಿಯೊಂದು ಕೂತಿರುತ್ತದೆ. ಮಕ್ಕಳು ಮನೆಯಲ್ಲಿದ್ದರೆ ಹಾಡು ಹಾಕುತ್ತದೆ. ಅವರು ಲೋಕಲ್ ಹಿಡಿದು ಹೊರಟ ಮೇಲೆ ಸುಮ್ನೆ ಕೂತಿರುತ್ತದೆ. ಹಗಲಿಡೀ ಮನೆಯಲ್ಲಿರುವವರು ಊರಿಂದ ಬಂದ ಅಜ್ಜಿ. ಅವರಿಗೆ ಕನ್ನಡ ಬರುತ್ತದೆ, ತುಳು ಬರುತ್ತದೆ, ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟು ಮರಾಠಿಯೂ ಬರುತ್ತದೆ. ಡಬ್ಬಿಗೆ ಈ ಮೂರೂ ಬರುವುದಿಲ್ಲ.

ಅಮೆಜಾನ್‌ನ ಎಕೋ ಭಾರತಕ್ಕೆ ಬಂದದ್ದು 2017ರಲ್ಲಿ, ಗೂಗಲ್ ಹೋಮ್ 2018ರಲ್ಲಿ. ಮೊದಲು ಇಂಗ್ಲಿಷ್ ಮಾತ್ರ ಇತ್ತು, ಆಮೇಲೆ ಹಿಂದಿ ಸೇರಿತು. ಫೋನ್‌ನಲ್ಲಿ ಗೂಗಲ್‌ಗೆ ಕನ್ನಡದಲ್ಲೇ ಕೇಳಬಹುದು, ಸ್ಪೀಕರ್‌ನಲ್ಲಿ ಆ ಸೌಲಭ್ಯ ಇಲ್ಲ. ಆದರೂ ಒಂದು ದಾರಿ ಇದೆ. ಮನೆಯಲ್ಲಿ ಯಾರು ಜಾಸ್ತಿ ಹೊತ್ತು ಇರುತ್ತಾರೋ ಅವರ ಬಾಯಿಗೆ ಬರುವ ನಾಲ್ಕೈದು ಮಾತುಗಳಿಗೆ ಸ್ಪೀಕರನ್ನು ಹೊಂದಿಸಿದರೆ ಸಾಕು. ಇಲ್ಲಿ ಹೇಳಿರುವುದು ಎಕೋ ಲೆಕ್ಕದಲ್ಲಿ. ಗೂಗಲ್ ಸ್ಪೀಕರ್ ಇದ್ದರೆ ಗೂಗಲ್ ಹೋಮ್ ಆ್ಯಪ್‌ನಲ್ಲಿ ಹೆಚ್ಚುಕಡಿಮೆ ಇದೇ ಕ್ರಮ.

1. ಜಾಗ ನೋಡಿ

ಒನ್ ಬಿಎಚ್‌ಕೆ ಮನೆಯಲ್ಲಿ ಆಯ್ಕೆಗೆ ಜಾಗವೇ ಕಡಿಮೆ. ಹಾಲ್‌ನಲ್ಲೇ ಇಡಿ, ಆದರೆ ಮೂಲೆಗೆ ತಳ್ಳಬೇಡಿ. ಗೋಡೆಯಿಂದ, ಕಿಟಕಿಯಿಂದ ಸುಮಾರು 20 ಸೆಂ.ಮೀ. ದೂರ ಇರಲಿ. ರೈಲ್ವೆ ಹಳಿ ಕಡೆಗಿರುವ ಕಿಟಕಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್, ಟಿವಿ ಸ್ಪೀಕರ್ ಇವುಗಳ ಹತ್ತಿರ ಬೇಡ. ಮಾತು ಕೇಳಿಸದಿದ್ದರೆ ಎಂಥ ದುಬಾರಿ ಸ್ಪೀಕರ್ ಕೂಡ ಕೆಲಸಕ್ಕೆ ಬರುವುದಿಲ್ಲ. ಅಜ್ಜಿ ಕೂರುವ ಕುರ್ಚಿಯಿಂದ ಮಾಮೂಲಿ ದನಿಯಲ್ಲಿ ಕರೆದರೆ ಅದು ಎಚ್ಚರಗೊಳ್ಳಬೇಕು. ಕೂಗಿ ಕರೆಯಬೇಕಾಗಿ ಬಂದರೆ ಜಾಗ ಬದಲಿಸಿ.

ಇದಕ್ಕೆ ಬ್ಯಾಟರಿ ಇರುವುದಿಲ್ಲ, ಯಾವಾಗಲೂ ಪ್ಲಗ್‌ನಲ್ಲೇ ಇರಬೇಕು. ಸುಮ್ನಿದ್ದಾಗ ಎಳೆಯುವುದು ಒಂದೆರಡು ವ್ಯಾಟ್, ಹಾಗಾಗಿ ಬಿಲ್ಲಿನ ಚಿಂತೆ ಬೇಡ.

2. ಆ್ಯಪ್ ಮತ್ತು ವೈ-ಫೈ

ಎಕೋ ಒಳಗಿಂದ ಮಾತಾಡುವ ಸಹಾಯಕಿಯ ಹೆಸರು ಅಲೆಕ್ಸಾ. ಫೋನ್‌ನಲ್ಲಿ ಅಲೆಕ್ಸಾ ಆ್ಯಪ್ ಹಾಕಿ, ಅಮೆಜಾನ್ ಖಾತೆಯಿಂದ ಒಳಗೆ ಹೋಗಿ. ಸ್ಪೀಕರ್‌ಗೆ ಕರೆಂಟ್ ಕೊಟ್ಟ ಸ್ವಲ್ಪ ಹೊತ್ತಿಗೆ ಕಿತ್ತಳೆ ಬಣ್ಣದ ದೀಪ ತಿರುಗುತ್ತದೆ. ಜೋಡಿಸಲು ತಯಾರು ಅಂತ ಅರ್ಥ. ಆ್ಯಪ್‌ನಲ್ಲಿ ಹೊಸ ಸಾಧನ ಸೇರಿಸಿ, ವೈ-ಫೈ ಆರಿಸಿ, ಪಾಸ್‌ವರ್ಡ್ ಹಾಕಿ. ಮುಗಿಯಿತು.

ಮುಂದೆ ಸ್ಮಾರ್ಟ್ ಬಲ್ಬ್, ಪ್ಲಗ್ ಹಾಕುವ ಮನಸ್ಸಿದ್ದರೆ ಒಂದು ವಿಷಯ ಈಗಲೇ ನೋಡಿಕೊಳ್ಳಿ. ಅವುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈ-ಫೈಗೆ ಮಾತ್ರ ಸೇರುತ್ತವೆ. ನಿಮ್ಮ ರೂಟರ್ 5 ಗಿಗಾಹರ್ಟ್ಸ್ ಮಾತ್ರ ಬಿಡುತ್ತಿದ್ದರೆ ಬಲ್ಬ್‌ಗೆ ಅದು ಕಾಣುವುದೇ ಇಲ್ಲ. ಎರಡೂ ಚಾಲೂ ಇರಲಿ.

ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರ್‌ನ ವಿಳಾಸವನ್ನೂ ಸರಿ ಮಾಡಿ. ಡೊಂಬಿವಲಿ ಪೂರ್ವದಲ್ಲಿದ್ದರೆ 421201, ಮಾಟುಂಗಾದಲ್ಲಿದ್ದರೆ 400019. ಇಲ್ಲದಿದ್ದರೆ ಇನ್ನೆಲ್ಲಿಯದೋ ಮಳೆಯ ಸುದ್ದಿ ಕೇಳಿ ನೀವು ಕೊಡೆ ಹಿಡಿಯುತ್ತೀರಿ. ಹಾಗೆಯೇ, ಲೋಕಲ್ ಎಷ್ಟು ತಡ ಎಂದು ಇದರ ಮಾತು ನಂಬಿ ಹೊರಡಬೇಡಿ. ಅದಕ್ಕೆ ಫೋನ್‌ನಲ್ಲಿ ಲೋಕಲ್ ಸಮಯ ತೋರಿಸುವ ಎಂ-ಇಂಡಿಕೇಟರ್ ಆ್ಯಪೇ ಸರಿ.

3. ಭಾಷೆ, ಕರೆಯುವ ಹೆಸರು

ಭಾಷೆಯ ಸೆಟ್ಟಿಂಗ್‌ನಲ್ಲಿ ಇಂಗ್ಲಿಷ್ ಮತ್ತು ಹಿಂದಿ ಎರಡನ್ನೂ ಒಟ್ಟಿಗೆ ಆರಿಸಬಹುದು. ಅದನ್ನೇ ಆರಿಸಿ. ಮೊಮ್ಮಗಳು ಇಂಗ್ಲಿಷ್‌ನಲ್ಲಿ ಕೇಳಲಿ, ಅಪ್ಪ ಮುಂಬೈ ಹಿಂದಿಯಲ್ಲಿ ಕೇಳಲಿ, ಎರಡಕ್ಕೂ ಉತ್ತರ ಬರುತ್ತದೆ. ಅಜ್ಜಿಯ ಕಿವಿಗೂ ಇಂಗ್ಲಿಷ್‌ಗಿಂತ ಹಿಂದಿಯೇ ವಾಸಿ. ಇಷ್ಟು ವರ್ಷದ ಸೀರಿಯಲ್‌ಗಳು ಅವರಿಗೆ ಅಷ್ಟು ಕಲಿಸಿರುತ್ತವೆ.

ಕರೆಯುವ ಹೆಸರು ‘ಅಲೆಕ್ಸಾ’ ಎಂದೇ ಇರಲಿ. ‘ಎಕೋ’ ಎಂದು ಬದಲಿಸುವ ಅವಕಾಶ ಇದೆ, ಆದರೆ ದಿನವಿಡೀ “ಯಾಕೋ, ತಿಂಡಿ ತಿನ್ನಲ್ವಾ?” ಎನ್ನುವ ಮನೆಯಲ್ಲಿ ಅದು ಸುಮ್ಮಸುಮ್ಮನೆ ಎಚ್ಚರಗೊಳ್ಳುವ ಸಂಭವ ಜಾಸ್ತಿ.

4. ರೊಟೀನ್: ಕನ್ನಡದ ಮಾತು ಒಳಗೆ ಹೋಗುವ ಬಾಗಿಲು

ಇಲ್ಲಿ ಸ್ವಲ್ಪ ಸಮಯ ಕೊಡಿ. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಬೇಕಾದ ಕೆಲಸ ಇದು.

ಇಂಥ ಮಾತು ಕೇಳಿದರೆ ಇಂಥ ಕೆಲಸ ಮಾಡು ಎಂದು ನಾವೇ ಬರೆದಿಡುವುದಕ್ಕೆ ರೊಟೀನ್ ಅನ್ನುತ್ತಾರೆ. ಮಾತಿನ ಅರ್ಥ ಸ್ಪೀಕರ್‌ಗೆ ಗೊತ್ತಿರಬೇಕಿಲ್ಲ. ಕಿವಿಗೆ ಬಿದ್ದದ್ದು ಬರೆದಿಟ್ಟಿದ್ದಕ್ಕೆ ಹೊಂದಿದರೆ ಆಯಿತು. ನಮಗೆ ಅನುಕೂಲವಾಗುವುದು ಇದೇ.

ಮೊದಲು ಅಜ್ಜಿಗೆ ಏನು ಬೇಕು ಎಂದು ಕೇಳಿ. ನೀವು ಊಹಿಸಬೇಡಿ. ಬಣ್ಣದ ಲೈಟು ನಿಮ್ಮ ಆಸೆ, ಅವರದ್ದಲ್ಲ. ಸಾಮಾನ್ಯವಾಗಿ ಬರುವ ಉತ್ತರ ಹೀಗಿರುತ್ತದೆ: ಬೆಳಿಗ್ಗೆ ಸುಪ್ರಭಾತ, ಸಂಜೆ ಹಾಲ್‌ನ ದೀಪ, ಮಗನಿಗೊಂದು ಫೋನ್, ಮತ್ತೆ “ಇದನ್ನು ನಿಲ್ಲಿಸುವುದು ಹೇಗೆ?”

ಈಗ ಪ್ರತಿ ಕೆಲಸಕ್ಕೂ ಒಂದು ಮಾತು ಹುಡುಕಿ. ಕನ್ನಡಕ್ಕೂ ಹಿಂದಿಗೂ ಸಾಮಾನ್ಯವಾದ ಪದಗಳಾದರೆ ಕೆಲಸ ಸುಲಭ: ಪೂಜಾ, ಶಾಂತಿ, ಶುಭರಾತ್ರಿ. “ಅಲೆಕ್ಸಾ, ಶಾಂತಿ” ಎಂದರೆ ಹಾಡು ನಿಂತು ದೀಪ ಆರುವ ಹಾಗೆ ಮಾಡಬಹುದು. “ಅಲೆಕ್ಸಾ, ಪೂಜಾ” ಎಂದರೆ ದೇವರ ಹಾಡು.

ಅಜ್ಜಿಗೆ ತಮ್ಮದೇ ಮಾತು ಬೇಕು ಎಂದಿಟ್ಟುಕೊಳ್ಳಿ. ‘ದೀಪ ಹಚ್ಚು’ ಎಂದೇ ಹೇಳುತ್ತೇನೆ ಅನ್ನುತ್ತಾರೆ. ಆಗ ಹೀಗೆ ಮಾಡಿ. ಅವರು ಸ್ಪೀಕರ್‌ಗೆ ಆ ಮಾತನ್ನು ಹೇಳಲಿ. ಅದು ಗೊತ್ತಾಗಲಿಲ್ಲ ಅನ್ನುತ್ತದೆ, ಅನ್ನಲಿ. ಆಮೇಲೆ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಅಲೆಕ್ಸಾ ಪ್ರೈವಸಿಗೆ ಹೋಗಿ, ವಾಯ್ಸ್ ಹಿಸ್ಟರಿ ತೆರೆಯಿರಿ. ಅಜ್ಜಿ ಹೇಳಿದ್ದು ಅದರ ಕಿವಿಗೆ ಹೇಗೆ ಕೇಳಿಸಿತು ಎಂದು ಅಲ್ಲಿ ಬರೆದಿರುತ್ತದೆ. ಇಂಗ್ಲಿಷ್ ಅಕ್ಷರದಲ್ಲೋ ದೇವನಾಗರಿಯಲ್ಲೋ ಏನೋ ಒಂದು ಇರುತ್ತದೆ. ಓದಿದರೆ ನಗು ಬರಬಹುದು. ನಗಿ, ಆದರೆ ತಿದ್ದಬೇಡಿ. ಆ ತಪ್ಪು ಕಾಗುಣಿತವನ್ನೇ ರೊಟೀನ್‌ನಲ್ಲಿ ಹಾಕಬೇಕು.

ಅಜ್ಜಿಯಿಂದ ಮತ್ತೆ ಮತ್ತೆ ಹೇಳಿಸಿ ನೋಡಿ. ಪ್ರತಿ ಸಲವೂ ಒಂದೇ ತರಹ ಬರೆದಿದ್ದರೆ ಆ ಮಾತು ಗಟ್ಟಿ. ಎರಡು ತರಹ ಬಂದರೆ ಎರಡನ್ನೂ ಹಾಕಿ, ಒಂದೇ ರೊಟೀನ್‌ಗೆ ಒಂದಕ್ಕಿಂತ ಹೆಚ್ಚು ಮಾತು ಕೊಡಬಹುದು. ಪ್ರತಿ ಸಲ ಬೇರೆ ಬೇರೆ ಬಂದರೆ ಆ ಮಾತನ್ನು ಕೈಬಿಡಿ. ಒಂದೇ ಅಕ್ಷರದ ಮಾತು, ತೀರಾ ಉದ್ದದ ಮಾತು ಎರಡೂ ಕೈಕೊಡುತ್ತವೆ. ಎರಡು ಪದದ ಮಾತು ಎಲ್ಲಕ್ಕಿಂತ ಒಳ್ಳೆಯದು. ಹೇಳಿಸುವಾಗ ಅಜ್ಜಿಯ ದನಿಯೇ ಬೇಕು. ಅವರ ಬದಲು ನೀವು ಹೇಳಿ ಪರೀಕ್ಷೆ ಮಾಡಿದರೆ ನಾಳೆ ಅವರಿಗೆ ಅದು ಓಗೊಡುವುದಿಲ್ಲ.

ಮಾತು ಸಿಕ್ಕಿತು. ಆ್ಯಪ್‌ನಲ್ಲಿ ‘ಮೋರ್’ ಒತ್ತಿ, ‘ರೊಟೀನ್ಸ್’ಗೆ ಹೋಗಿ, ಪ್ಲಸ್ ಗುರುತು ಒತ್ತಿ. ಯಾವಾಗ ಎಂಬಲ್ಲಿ ‘ವಾಯ್ಸ್’ ಆರಿಸಿ ಆ ಮಾತು ಟೈಪ್ ಮಾಡಿ. ಏನು ಮಾಡಬೇಕು ಎಂಬಲ್ಲಿ ಕೆಲಸ ಸೇರಿಸಿ. ಆ್ಯಪ್ ಅಪ್‌ಡೇಟ್ ಆದಾಗಲೆಲ್ಲ ಮೆನುಗಳ ಜಾಗ ಬದಲಾಗುತ್ತಿರುತ್ತದೆ, ಈ ಹೆಸರುಗಳನ್ನು ಹುಡುಕಿ.

ಕೆಲಸಗಳ ಅನುಕ್ರಮದ ಮೇಲೂ ಗಮನವಿರಲಿ. ಮೊದಲು ವಾಲ್ಯೂಮ್, ಕೊನೆಗೆ ಹಾಡು. ವಾಲ್ಯೂಮ್ ಹೇಳದೆ ಬರೀ ಹಾಡು ಹಾಕಿದರೆ, ರಾತ್ರಿ ಮೊಮ್ಮಗ ಪಾರ್ಟಿ ಹಾಡು ಕೇಳಿದ ಅದೇ ದನಿಯಲ್ಲಿ ಬೆಳಿಗ್ಗೆ ಸುಪ್ರಭಾತ ಶುರುವಾಗುತ್ತದೆ. ಮುಂಬೈಯ ಗೋಡೆಗಳು ಎಷ್ಟು ತೆಳು ಎಂದು ಪಕ್ಕದ ಮನೆಯವರೇ ಬಂದು ಹೇಳುತ್ತಾರೆ.

ಎಲ್ಲಕ್ಕೂ ಮಾತೇ ಬೇಕಿಲ್ಲ. ಗಡಿಯಾರದ ಸಮಯಕ್ಕೂ ರೊಟೀನ್ ಇಡಬಹುದು. ಸೊಸೈಟಿಯಲ್ಲಿ ನೀರು ಬಿಡುವ ಹೊತ್ತಿಗೆ ಸ್ಪೀಕರ್ ತಾನೇ “ಪಾನಿ ಆ ಗಯಾ” ಎಂದರೆ ಅಜ್ಜಿ ಬಕೆಟ್ ಇಡುತ್ತಾರೆ. ಮಾತ್ರೆಯ ಸಮಯಕ್ಕೂ ಹೀಗೇ ಮಾಡಬಹುದು, ಆದರೆ ಅದಕ್ಕೆ ಫೋನ್‌ನಲ್ಲೊಂದು ಅಲಾರಂ ಕೂಡ ಇರಲಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ಪೀಕರ್ ಮಾತಾಡುವುದಿಲ್ಲ.

5. ಕನ್ನಡ ಹಾಡು ಕೇಳುವ ಉಪಾಯ

ಹಾಡಿನ ಸಾಲು ಹೇಳಿ ಕೇಳಿದರೆ ಹೆಚ್ಚಿನ ಸಲ ಯಾವುದೋ ಹಿಂದಿ ಹಾಡು ಬರುತ್ತದೆ. ಹಾಡಿದವರ ಹೆಸರಿನ ಜೊತೆ ‘ಕನ್ನಡ ಸಾಂಗ್ಸ್’ ಎಂದು ಸೇರಿಸಿ ಕೇಳುವುದು ಮೇಲು. ಗದಗಿನ ಕಡೆ ಹುಟ್ಟಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರ ದಾಸರ ಪದ ಬೇಕಿದ್ದರೆ ಹೆಸರಿನ ಜೊತೆ ‘ಕನ್ನಡ’ ಎಂದು ಹೇಳಲೇಬೇಕು. ಬರೀ ಹೆಸರು ಹೇಳಿದರೆ ಮರಾಠಿ ಅಭಂಗವೂ ಬರಬಹುದು, ಖಯಾಲೂ ಬರಬಹುದು. ಬಂದರೆ ನಷ್ಟವೇನೂ ಇಲ್ಲ ಬಿಡಿ.

ಇದಕ್ಕಿಂತ ಖಾತ್ರಿಯ ದಾರಿ ಪ್ಲೇಲಿಸ್ಟ್. ಜಿಯೋಸಾವನ್, ಸ್ಪಾಟಿಫೈ, ಅಮೆಜಾನ್ ಮ್ಯೂಸಿಕ್ ಯಾವುದಿದೆಯೋ ಅದರಲ್ಲಿ ಅಜ್ಜಿಗೆ ಬೇಕಾದ ಹಾಡುಗಳನ್ನು ಒಟ್ಟುಮಾಡಿ. ಅದಕ್ಕೆ ‘ಮಾರ್ನಿಂಗ್ ಒನ್’ ಎಂಬಂಥ ಸಪ್ಪೆ ಇಂಗ್ಲಿಷ್ ಹೆಸರಿಡಿ. ರೊಟೀನ್‌ನ ಕೊನೆಯಲ್ಲಿ ಆ ಪ್ಲೇಲಿಸ್ಟ್ ಹಾಕಿ. ಅಜ್ಜಿ ‘ಪೂಜಾ’ ಅಂದರೆ ಸಾಕು, ಒಳಗಿನ ಇಂಗ್ಲಿಷ್ ಹೆಸರಿನ ತಲೆಬಿಸಿ ಅವರಿಗಿಲ್ಲ. ಯಕ್ಷಗಾನದ ತಾಳಮದ್ದಳೆಯಂಥವು ಯೂಟ್ಯೂಬ್‌ನಲ್ಲಷ್ಟೇ ಇದ್ದರೆ ಫೋನನ್ನು ಬ್ಲೂಟೂತ್‌ನಲ್ಲಿ ಸ್ಪೀಕರ್‌ಗೆ ಜೋಡಿಸಿ ಕೇಳಿಸಿ.

6. ದೀಪ, ಗೀಸರ್, ಫ್ಯಾನ್

ಬಾಡಿಗೆ ಮನೆಯಾದರೆ ಗೋಡೆ ಮುಟ್ಟುವ ಕೆಲಸಕ್ಕೆ ಹೋಗಬೇಡಿ. 11 ತಿಂಗಳ ಅಗ್ರಿಮೆಂಟ್ ಮುಗಿದರೆ ಮತ್ತೆ ಬೇರೆ ಮನೆ. ಬಿಚ್ಚಿಕೊಂಡು ಹೋಗಬಹುದಾದ ಬಲ್ಬ್, ಪ್ಲಗ್ ಸಾಕು.

ಬಲ್ಬ್ ಕೊಳ್ಳುವಾಗ ನಮ್ಮ ಹೋಲ್ಡರ್‌ಗೆ ಕೂರುವ ಬಿ22 ಪಿನ್‌ನದ್ದೇ ತನ್ನಿ. ಗೋಡೆಯ ಸ್ವಿಚ್ ಯಾವಾಗಲೂ ಆನ್ ಇರಬೇಕು. ತೊಂದರೆ ಶುರುವಾಗುವುದೇ ಇಲ್ಲಿ. ಹಳೆ ಅಭ್ಯಾಸದಂತೆ ಯಾರಾದರೂ ಸ್ವಿಚ್ ಒತ್ತಿ ಆರಿಸುತ್ತಾರೆ, ಆಮೇಲೆ ಎಷ್ಟು ಕರೆದರೂ ದೀಪ ಹತ್ತುವುದಿಲ್ಲ. ಸ್ವಿಚ್ ಮೇಲೆ ಒಂದು ತುಂಡು ಟೇಪ್ ಅಂಟಿಸಿ. ಕರೆಂಟ್ ಹೋಗಿ ಬಂದರೆ ಕೆಲವು ಬಲ್ಬ್‌ಗಳು ನಡುರಾತ್ರಿ ತಾವೇ ಹತ್ತಿಕೊಳ್ಳುತ್ತವೆ. ಮಲಗುವ ಕೋಣೆಗೆ ಹಾಕುವ ಮೊದಲು ಬಲ್ಬ್‌ನ ಆ್ಯಪ್‌ನಲ್ಲಿ ಇದಕ್ಕೊಂದು ಸೆಟ್ಟಿಂಗ್ ಇದೆಯಾ ನೋಡಿ.

ಗೀಸರ್‌ಗೆ ಹಾಕುವ ಪ್ಲಗ್ 16 ಆಂಪ್‌ನದ್ದೇ ಆಗಿರಬೇಕು. 3000 ವ್ಯಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 13 ಆಂಪ್ ಎಳೆಯುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು 6 ಅಥವಾ 10 ಆಂಪ್‌ನ ಪ್ಲಗ್ ಹಾಕಿದರೆ ಅದು ಕಾದು ಕರಗಬಹುದು. ರೊಟೀನ್‌ನಲ್ಲಿ ಗೀಸರ್ ಆನ್, 15 ನಿಮಿಷ ಕಾಯುವುದು, ಆಫ್ ಎಂದು ಬರೆಯಬಹುದು. ನಡುವೆ ಇಂಟರ್ನೆಟ್ ಹೋದರೆ ಆ ಆಫ್ ತಲುಪುವುದಿಲ್ಲ. ಹಾಗಾಗಿ ಪ್ಲಗ್‌ನ ಸ್ವಂತ ಆ್ಯಪ್‌ನಲ್ಲಿರುವ ಟೈಮರನ್ನೂ ಇಟ್ಟಿರಿ. ನಿಮ್ಮದು ಗ್ಯಾಸ್ ಗೀಸರ್ ಆದರೆ ಈ ಪ್ಯಾರಾ ಬಿಟ್ಟುಬಿಡಿ. ಇಸ್ತ್ರಿಪೆಟ್ಟಿಗೆ, ರೂಮ್ ಹೀಟರ್ ಮಾತ್ರ ಮಾತಿನಿಂದ ಹಚ್ಚುವ ವಸ್ತುಗಳೇ ಅಲ್ಲ.

ಸೀಲಿಂಗ್ ಫ್ಯಾನ್‌ನ ಆಸೆ ಎಲ್ಲರಿಗೂ ಇರುತ್ತದೆ. ರಿಮೋಟ್ ಇರುವ ಫ್ಯಾನ್ ಆದರೆ ಅದರ ರಿಮೋಟ್ ಕೆಲಸವನ್ನು ಮಾಡುವ ಐಆರ್ ಬ್ಲಾಸ್ಟರ್ ಎಂಬ ಚಿಕ್ಕ ಡಬ್ಬಿ ಸಿಗುತ್ತದೆ. ಎಸಿ, ಟಿವಿಗೂ ಅದೇ ಸಾಕು. ಫ್ಯಾನಿನ ರಿಮೋಟ್ ಐಆರ್‌ನದ್ದೇ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನದ್ದೇ) ಎಂದು ಮಾತ್ರ ಮೊದಲು ಖಾತ್ರಿ ಮಾಡಿಕೊಳ್ಳಿ. ರೆಗ್ಯುಲೇಟರ್ ಇರುವ ಹಳೆ ಫ್ಯಾನ್ ಆದರೆ ಸ್ವಿಚ್‌ಬೋರ್ಡ್ ಒಳಗೆ ಸ್ಮಾರ್ಟ್ ಮಾಡ್ಯೂಲ್ ಕೂರಿಸಬೇಕು. ಅದು ಎಲೆಕ್ಟ್ರಿಶಿಯನ್ ಕೆಲಸ, ಓನರ್ ಒಪ್ಪಿಗೆಯೂ ಬೇಕು.

7. ಯಾರು ಕೇಳಿಸಿಕೊಳ್ಳುತ್ತಿದ್ದಾರೆ?

ಡ್ರಾಪ್ ಇನ್ ಎಂಬ ಸೌಲಭ್ಯದಲ್ಲಿ ಮಗ ಆಫೀಸಿನಿಂದಲೇ ಆ್ಯಪ್ ತೆರೆದು ಮನೆಯ ಸ್ಪೀಕರ್‌ಗೆ ಕರೆ ಮಾಡಬಹುದು. ಅಜ್ಜಿ ಏನನ್ನೂ ಒತ್ತಬೇಕಿಲ್ಲ, ಹಸಿರು ದೀಪ ಹತ್ತಿ ಮಾತು ಶುರುವಾಗುತ್ತದೆ. ಫೋನ್ ಎಲ್ಲಿಟ್ಟೆ ಎಂದು ಹುಡುಕುವ ಹಿರಿಯರಿಗೆ ಇದು ನಿಜಕ್ಕೂ ಉಪಕಾರ. ಆದರೆ ಅವರಿಗೆ ಹೇಳದೆ ಇದನ್ನು ಚಾಲೂ ಮಾಡಬೇಡಿ. ಒಪ್ಪಿಗೆ ಇಲ್ಲದೆ ಮಾಡಿದರೆ ಅದು ಕದ್ದು ಕೇಳಿದಂತೆಯೇ. ಹಸಿರು ದೀಪ ಅಂದರೆ ಯಾರೋ ಕೇಳುತ್ತಿದ್ದಾರೆ ಎಂದು ತೋರಿಸಿಕೊಡಿ, ಅನುಮತಿಯನ್ನು ಮನೆಯವರಿಗಷ್ಟೇ ಕೊಡಿ. ಪೊಲೀಸ್, ಆಂಬುಲೆನ್ಸ್‌ಗೆ ಇದರಿಂದ ಕರೆ ಹೋಗುವುದಿಲ್ಲ ಎಂಬುದೂ ಅವರಿಗೆ ಗೊತ್ತಿರಲಿ. ಅದಕ್ಕೆ ಫೋನ್‌ನಲ್ಲಿ 112 ಒತ್ತಲೇಬೇಕು.

ಸ್ಪೀಕರ್ ಮೇಲಿನ ಮೈಕ್ ಬಟನ್ ಒತ್ತಿದರೆ ಕೆಂಪು ದೀಪ ಬಂದು ಅದರ ಕಿವಿ ಮುಚ್ಚುತ್ತದೆ. ದುಡ್ಡಿನ ಮಾತು, ಮದುವೆ ಮಾತುಕತೆ ನಡೆಯುವಾಗ ಒತ್ತಿಬಿಡಿ. ಹಳೆಯ ದನಿಮುದ್ರಣಗಳು ಅದೇ ವಾಯ್ಸ್ ಹಿಸ್ಟರಿಯಲ್ಲಿ ಕೂತಿರುತ್ತವೆ. ಅಜ್ಜಿಯ ಮಾತುಗಳನ್ನು ರೊಟೀನ್‌ಗೆ ಹಾಕಿ ಮುಗಿದ ಮೇಲೆ ಅಳಿಸಬಹುದು. ಬರೀ ಮಾತಿನಲ್ಲೇ ಸಾಮಾನು ಕೊಳ್ಳುವ ವಾಯ್ಸ್ ಪರ್ಚೇಸಿಂಗ್ ಎಂಬುದು ಚಾಲೂ ಇದ್ದರೆ ಆಫ್ ಮಾಡಿ, ಮಕ್ಕಳಿರುವ ಮನೆಯಲ್ಲಂತೂ ಕಡ್ಡಾಯ.

ಮನೆ ಬದಲಿಸುವಾಗ ಹೊಸ ರೂಟರ್‌ಗೂ ಹಳೆಯ ವೈ-ಫೈ ಹೆಸರು, ಹಳೆಯ ಪಾಸ್‌ವರ್ಡನ್ನೇ ಇಡಿ. ಬಲ್ಬ್, ಪ್ಲಗ್, ಸ್ಪೀಕರ್ ಎಲ್ಲ ಮತ್ತೆ ಜೋಡಿಸುವ ಗೋಜಿಲ್ಲದೆ ತಾವೇ ಕೂಡಿಕೊಳ್ಳುತ್ತವೆ, ಅಜ್ಜಿಯ ರೊಟೀನ್‌ಗಳೂ ಹಾಗೇ ಉಳಿಯುತ್ತವೆ. ಸ್ಪೀಕರನ್ನೇ ಬೇರೆಯವರಿಗೆ ಕೊಡುವುದಾದರೆ ಮೊದಲು ಆ್ಯಪ್‌ನಲ್ಲಿ ‘ಡಿರಿಜಿಸ್ಟರ್’ ಒತ್ತಿ ನಿಮ್ಮ ಖಾತೆಯಿಂದ ಬಿಡಿಸಿ ಕೊಡಿ.