ಒಬ್ಬ ಹಿರಿಯ ನಟಿಯ ಕೆಲಸವನ್ನು ಪೂರ್ತಿ ನೋಡುವುದು ಹೇಗೆ: ಉಮಾಶ್ರೀ ಅವರಿಂದ ಶುರು ಮಾಡಿ

ನಾನು ಡಬ್ಬಿಂಗ್ ಕಲಾವಿದೆ. ಮೊದಲು ನಾಯಕಿಯ ಗೆಳತಿ, ಆಮೇಲೆ ಅತ್ತಿಗೆ, ಈಚೆಗೆ ಅತ್ತೆ, ಅಜ್ಜಿ. ಬೇರೆಯವರ ತುಟಿಗೆ ನನ್ನ ದನಿ ಕೂರಿಸುವುದೇ ಕೆಲಸ. ಹೊಸದಾಗಿ ಬರುವ ಹುಡುಗಿಯರು "ಅಕ್ಕಾ, ಆಕ್ಟಿಂಗ್ ಕಲಿಯೋಕೆ ಏನು ನೋಡ್ಬೇಕು?" ಅಂತ ಕೇಳುತ್ತಾರೆ. ಹತ್ತು ನಟಿಯರ ಒಂದೊಂದು ಸಿನಿಮಾ ನೋಡಬೇಡಿ, ಒಬ್ಬರನ್ನೇ ಹಿಡಿದು ಅವರ ನಲವತ್ತು ವರ್ಷದ ಕೆಲಸ ನೋಡಿ ಅನ್ನುತ್ತೇನೆ. ಯಾರನ್ನ ಅಂದರೆ, ಉಮಾಶ್ರೀ ಅವರನ್ನ. ಅದನ್ನು ಹೇಗೆ ಮಾಡಬೇಕು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವು ನಟಿ ಆಗಬೇಕಿಲ್ಲ. ಸಂಜೆ ಸೀರಿಯಲ್ ನೋಡುವವರಾದರೂ ಸಾಕು.

ಯಾಕೆ ಉಮಾಶ್ರೀ? ಮೊದಲನೆಯದು, ದನಿ ಅವರದೇ. ನಮ್ಮಲ್ಲಿ ಎಷ್ಟೋ ನಾಯಕಿಯರ ಮುಖ ಒಬ್ಬರದು, ಮಾತು ಇನ್ನೊಬ್ಬರದು. ಅಂಥ ಕಡೆ "ಎಷ್ಟು ಚೆನ್ನಾಗಿ ಅಳ್ತಾಳೆ" ಅಂತ ನೀವು ಹೊಗಳಿದರೆ, ಆ ಹೊಗಳಿಕೆಯಲ್ಲಿ ಅರ್ಧ ಯಾವುದೋ ಡಬ್ಬಿಂಗ್ ಥಿಯೇಟರ್‌ನ ಕತ್ತಲಲ್ಲಿ ನಿಂತವಳಿಗೆ ಸೇರಬೇಕು. ಆದ್ದರಿಂದ ಯಾರನ್ನೇ ಆರಿಸಿದರೂ ಟೈಟಲ್ ಕಾರ್ಡ್‌ನಲ್ಲಿ ಕಂಠದಾನ ಅಂತ ಇದೆಯಾ ನೋಡಿ. ಹೆಸರು ಹಾಕದೇ ಇರುವುದೂ ಉಂಟು. ಅದಕ್ಕೇ ಎರಡು ಮೂರು ಸಿನಿಮಾದ ದನಿ ಹೋಲಿಸಿ ನೋಡುವುದು ಒಳ್ಳೆಯದು.

ಎರಡನೆಯ ಕಾರಣ ನನಗೆ ಇನ್ನೂ ಮುಖ್ಯ. ನಟಿಯರಿಗೆ ಅಂತ ನಮ್ಮ ಚಿತ್ರರಂಗದಲ್ಲಿ ಒಂದು ಮೆಟ್ಟಿಲು ಇದೆ: ನಾಯಕಿ, ಅತ್ತಿಗೆ, ಅಮ್ಮ, ಅಜ್ಜಿ. ಪಂಡರಿಬಾಯಿ ಅವರನ್ನೇ ನೋಡಿ. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರ್ ಅವರಿಗೆ ಹೆಂಡತಿ. 1986ರ 'ಅನುರಾಗ ಅರಳಿತು' ಬರುವ ಹೊತ್ತಿಗೆ ಅದೇ ರಾಜಕುಮಾರ್ ಅವರಿಗೆ ತಾಯಿ! ಉಮಾಶ್ರೀ ಈ ಮೆಟ್ಟಿಲನ್ನು ಹತ್ತಲೇ ಇಲ್ಲ. ರಂಗಭೂಮಿಯಲ್ಲಿ ಚಿಕ್ಕ ವಯಸ್ಸಿಗೇ ಮುದುಕಿಯಾದರು. ಸಿನಿಮಾದಲ್ಲಿ ಮೂವತ್ತೆಂಟಕ್ಕೇ ಅಜ್ಜಿ. ಅರವತ್ತು ದಾಟಿದ ಮೇಲೆ ಮದುವೆ ವಯಸ್ಸಿನ ಹೆಣ್ಣುಮಕ್ಕಳ ಅಮ್ಮ. ಇದನ್ನು ಸರಿಯಾಗಿ ನೋಡಬೇಕಾದರೆ ಒಂದು ಪಟ್ಟಿ ಬೇಕೇ ಬೇಕು.

ಪಟ್ಟಿ ಮಾಡುವುದು

ನೋಟ್‌ಬುಕ್ಕಾದರೂ ಸರಿ, ಫೋನಾದರೂ ಸರಿ. ಸಿನಿಮಾದ ಹೆಸರು, ವರ್ಷ ಎಲ್ಲರೂ ಬರೆಯುತ್ತಾರೆ. ನೀವು ಇನ್ನು ಮೂರು ಕಾಲಂ ಹಾಕಿ. ಆಗ ನಟಿಯ ವಯಸ್ಸು ಎಷ್ಟು, ಪಾತ್ರದ ವಯಸ್ಸು ಎಷ್ಟು, ಪಾತ್ರ ಯಾವ ಸೀಮೆಯ ಕನ್ನಡ ಮಾತಾಡುತ್ತದೆ.

ಉಮಾಶ್ರೀ ಹುಟ್ಟಿದ್ದು 1957ರಲ್ಲಿ, ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ. ಕಾಶೀನಾಥ್ ಅವರ 'ಅನುಭವ' 1984. 'ಕೋಟ್ರೇಶಿ ಕನಸು' 1994. 'ಪುಟ್ನಂಜ' 1995. 'ಮಣಿ' 2003. 'ಗುಲಾಬಿ ಟಾಕೀಸ್' 2008. 'ಕನಸೆಂಬೊ ಕುದುರೆಯನೇರಿ' 2010. 2013ರಲ್ಲಿ ತೇರದಾಳದಿಂದ ಗೆದ್ದು ಸಚಿವೆ. 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ 'ಪುಟ್ಟಕ್ಕನ ಮಕ್ಕಳು' ಸೀರಿಯಲ್ ಶುರು, ಅದರಲ್ಲಿ ಪುಟ್ಟಕ್ಕ ಇವರೇ. ಇದು ಬರೀ ಅಸ್ಥಿಪಂಜರ. ಇದರ ನಡುನಡುವೆ ಇರುವ ರಾಶಿ ಸಿನಿಮಾಗಳನ್ನು ನೀವೇ ತುಂಬಿಕೊಳ್ಳಬೇಕು.

ಈಗ ವಯಸ್ಸಿನ ಕಾಲಂ ನೋಡಿ. 'ಪುಟ್ನಂಜ'ದಲ್ಲಿ ಅವರು ರವಿಚಂದ್ರನ್ ಅವರ ಅಜ್ಜಿ ಪುಟ್ಮಲ್ಲಿ. ರವಿಚಂದ್ರನ್ ಹುಟ್ಟಿದ್ದು 1961ರಲ್ಲಿ. ಮೊಮ್ಮಗನಿಗಿಂತ ಅಜ್ಜಿ ನಾಲ್ಕೇ ವರ್ಷ ದೊಡ್ಡವಳು! ಸಿನಿಮಾ ನೋಡುವಾಗ ಇದು ಯಾರಿಗೂ ಹೊಳೆಯುವುದಿಲ್ಲ. ಪಟ್ಟಿ ಮಾಡಿದಾಗ ಮಾತ್ರ ಹೊಳೆಯುತ್ತದೆ. ಹೊಳೆದ ಮೇಲೆ ಪುಟ್ಮಲ್ಲಿಯ ಬೆನ್ನು, ಸೊಂಟ, ಕುತ್ತಿಗೆ ನೋಡುವ ರೀತಿಯೇ ಬೇರೆಯಾಗುತ್ತದೆ, ಅಲ್ವಾ?

ವರ್ಷದ ವಿಷಯದಲ್ಲಿ ಸ್ವಲ್ಪ ಹುಷಾರು. ಸಿನಿಮಾದ ಮೊದಲಿಗೆ ಬರುವ ಸೆನ್ಸಾರ್ ಸರ್ಟಿಫಿಕೇಟ್‌ನಲ್ಲಿ ಒಂದು ವರ್ಷ ಇದ್ದು, ಬಿಡುಗಡೆ ಮುಂದಿನ ವರ್ಷ ಆಗಿರಬಹುದು. ಪ್ರಶಸ್ತಿಯ ವರ್ಷ ಇನ್ನೂ ಗೊಂದಲ. 'ಗುಲಾಬಿ ಟಾಕೀಸ್'ಗೆ ಅವರಿಗೆ ಬಂದ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ 2008ನೇ ಸಾಲಿನದು, ಪ್ರಕಟವಾದದ್ದು 2010ರಲ್ಲಿ. ಪಟ್ಟಿಯಲ್ಲಿ ಯಾವುದಾದರೂ ಒಂದು ಪದ್ಧತಿ ಹಿಡಿದು ಅದಕ್ಕೇ ಅಂಟಿಕೊಳ್ಳಿ. ನಾನು ಬಿಡುಗಡೆಯ ವರ್ಷ ಬರೆಯುತ್ತೇನೆ.

ಹೆಸರಿನ ಗೊಂದಲ ಉಮಾಶ್ರೀ ಅವರ ವಿಷಯದಲ್ಲಿ ಕಡಿಮೆ. ಆದರೆ ಮುಂದೆ ಬೇರೆ ನಟಿಯರ ಪಟ್ಟಿಗೆ ಕೈ ಹಾಕಿದಾಗ ತಲೆ ಕೆಡುತ್ತದೆ. ಬಿ. ಜಯಮ್ಮ ಬೇರೆ, ಬಿ. ಜಯಾ ಬೇರೆ, ಬಿ. ಜಯಶ್ರೀ ಬೇರೆ, ಎಂ. ಜಯಶ್ರೀ ಇನ್ನೂ ಬೇರೆ. ಇಂಟರ್ನೆಟ್ಟಿನ ಪಟ್ಟಿಗಳಲ್ಲಿ ಇವರೆಲ್ಲ ಒಬ್ಬರೊಳಗೊಬ್ಬರು ಸೇರಿಹೋಗಿರುತ್ತಾರೆ. ಮುಖ ನೋಡದೆ ಪಟ್ಟಿಗೆ ಹಾಕಬೇಡಿ, ಅಷ್ಟೇ.

ಯಾವುದು ಮೊದಲು

ಪಟ್ಟಿ ವರ್ಷದ ಕ್ರಮದಲ್ಲಿ ಇರಲಿ, ಆದರೆ ನೋಡುವುದು ಆ ಕ್ರಮದಲ್ಲಿ ಬೇಡ. 'ಅನುಭವ'ದಿಂದ ಶುರು ಮಾಡಿದರೆ ಅದರ ಹಿಂದೆಯೇ ಡಬಲ್ ಮೀನಿಂಗ್ ಹಾಸ್ಯದ ಸಾಲು ಬರುತ್ತದೆ. ನೀವು ಬೇಜಾರಾಗಿ ಅಲ್ಲೇ ನಿಲ್ಲಿಸುತ್ತೀರಿ. 'ಗುಲಾಬಿ ಟಾಕೀಸ್'ನಿಂದ ಶುರು ಮಾಡಿ. ಗಿರೀಶ ಕಾಸರವಳ್ಳಿ ಅವರ ನಿರ್ದೇಶನ, ವೈದೇಹಿ ಅವರ ಕತೆಯ ಎಳೆ. ಕುಂದಾಪುರದ ಕಡೆಯ ಮೀನುಗಾರರ ಊರು, ಕಾರ್ಗಿಲ್ ಯುದ್ಧದ ಹೊತ್ತು. ಸಿನಿಮಾ ಅಂದರೆ ಪ್ರಾಣ ಬಿಡುವ ಸೂಲಗಿತ್ತಿ ಗುಲಾಬಿ. ಹೆರಿಗೆ ಮಾಡಿಸಿದ್ದಕ್ಕೆ ಅವಳ ಗುಡಿಸಲಿಗೆ ಟಿವಿ ಬರುತ್ತದೆ, ಡಿಶ್ ಬರುತ್ತದೆ. ಊರ ಹೆಂಗಸರೂ ಬರತೊಡಗುತ್ತಾರೆ. ಗಂಡ ಮೂಸಾ ಮಾತ್ರ ಇನ್ನೊಂದು ಮದುವೆ ಮಾಡಿಕೊಂಡು ಬೇರೆ ಇದ್ದಾನೆ.

ಇದನ್ನು ಎರಡು ಸಲ ನೋಡಬೇಕು. ಮೊದಲ ಸಲ ಸುಮ್ನೆ ಕತೆಗೆ. ಎರಡನೇ ಸಲ ನಾಲ್ಕೈದು ದೃಶ್ಯ ಆರಿಸಿ, ಪರದೆಗೆ ಬೆನ್ನು ಹಾಕಿ ಕುಳಿತು ಬರೀ ಕೇಳಿ. ಆಮೇಲೆ ಅದೇ ದೃಶ್ಯಗಳನ್ನು ಸೌಂಡ್ ಪೂರ್ತಿ ತೆಗೆದು ನೋಡಿ. ಡಬ್ಬಿಂಗ್‌ನಲ್ಲಿ ನಾವು ಇದನ್ನು ದಿನಾ ಮಾಡುತ್ತೇವೆ. ಪೈಲಟ್ ಟ್ರ್ಯಾಕ್, ಅಂದರೆ ಶೂಟಿಂಗ್‌ನಲ್ಲೇ ರೆಕಾರ್ಡ್ ಆದ ದನಿ, ಒಮ್ಮೆ ಕೇಳುವುದು, ತುಟಿ ಒಮ್ಮೆ ನೋಡುವುದು. ಕೇಳುವಾಗ ಗಮನಿಸಬೇಕಾದದ್ದು ಉಸಿರು. ಮಾತಿಗೆ ಮುಂಚೆ ಉಸಿರು ಎಳೆಯುತ್ತಾರಾ, ಮಾತು ಮುಗಿದ ಮೇಲೆ ಬಿಡುತ್ತಾರಾ? ಸಾಲಿನ ಕೊನೆಯ ಪದ ಗಟ್ಟಿಯಾಗಿ ಬೀಳುತ್ತದಾ, ಗಂಟಲಲ್ಲೇ ಉಳಿಯುತ್ತದಾ? ರಂಗಭೂಮಿಯಿಂದ ಬಂದವರು ಕೊನೆಯ ಪದವನ್ನು ಹಿಂದಿನ ಸಾಲಿನ ಕುರ್ಚಿಗೂ ತಲುಪಿಸಿ ರೂಢಿ. ಕ್ಯಾಮೆರಾ ಹತ್ತಿರ ಬಂದಾಗ ಅದನ್ನು ಎಷ್ಟು ಇಳಿಸುತ್ತಾರೆ ಅನ್ನುವುದು ದೊಡ್ಡ ಪಾಠ. ಸೌಂಡ್ ತೆಗೆದು ನೋಡುವಾಗ ಕೈ ನೋಡಿ. ಮುಖ ಹೇಗೂ ಕಾಣುತ್ತದೆ.

ಇದಾದ ಮೇಲೆ 'ಕನಸೆಂಬೊ ಕುದುರೆಯನೇರಿ'. ಕಾಸರವಳ್ಳಿ ಅವರದೇ. ಹೆಣ ಹೂಳಲು ಗುಂಡಿ ತೋಡುವ ಇರ್ಯನಾಗಿ ವೈಜನಾಥ ಬಿರಾದಾರ್, ಹೆಂಡತಿ ರುದ್ರಿಯಾಗಿ ಉಮಾಶ್ರೀ. ಅಲ್ಲಿ ಕರಾವಳಿಯ ಮಾತು, ಇಲ್ಲಿ ಉತ್ತರ ಕರ್ನಾಟಕದ ಮಾತು. ನಟಿ ತುಮಕೂರು ಕಡೆಯವರು. ಎರಡೂ ಸೀಮೆಯವರಿಗೆ ಇದರಲ್ಲಿ ತಪ್ಪು ಕಾಣಬಹುದು, ಕಾಣಲಿ. ನಾನು ಹೇಳುವುದು ಪದಗಳನ್ನಲ್ಲ, ರಾಗವನ್ನ. ಸೀಮೆ ಬದಲಾದಾಗ ಮಾತಿನ ವೇಗ ಬದಲಾಗಬೇಕು, ತಲೆ ಅಲ್ಲಾಡಿಸುವ ರೀತಿ ಬದಲಾಗಬೇಕು. ಎರಡು ಸಿನಿಮಾದಿಂದ ಒಂದೊಂದು ಜಗಳದ ದೃಶ್ಯ ತೆಗೆದುಕೊಂಡು ಅಕ್ಕಪಕ್ಕ ಹಾಕಿ ನೋಡಿ.

ಆಮೇಲೆ 'ಪುಟ್ನಂಜ', 'ಕೋಟ್ರೇಶಿ ಕನಸು', 'ಮಣಿ'. ಇವುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನೋಡಿದರೆ ಗೊತ್ತಾಗುತ್ತದೆ.

ಸಾವಿರ ಎಪಿಸೋಡಿನ ಸೀರಿಯಲ್ಲನ್ನು ನೋಡುವುದು ಹೇಗೆ?

ಎಲ್ಲರೂ ಕೈ ಚೆಲ್ಲುವುದು ಇಲ್ಲೇ. ದಿನಾ ಬರುವ ಸೀರಿಯಲ್ಲನ್ನು ಮೊದಲಿನಿಂದ ಕೊನೆಯವರೆಗೆ ನೋಡಲು ಯಾರಿಗೂ ಪುರುಸೊತ್ತಿಲ್ಲ. "ಸೀರಿಯಲ್ ತಾನೇ" ಅಂತ ಬಿಟ್ಟುಬಿಡುವವರೂ ಇದ್ದಾರೆ. ಅವರ ಜೊತೆ ನನಗೆ ಜಗಳ ಇದೆ. ಸಿನಿಮಾದಲ್ಲಿ ಇಡೀ ದಿನಕ್ಕೆ ನಾಲ್ಕು ಶಾಟ್ ಆದರೂ ನಡೆಯುತ್ತದೆ. ಸೀರಿಯಲ್‌ನಲ್ಲಿ ಅವತ್ತಿನ ಎಪಿಸೋಡ್ ಅವತ್ತು ಮುಗಿಯಲೇಬೇಕು. ಸ್ಕ್ರಿಪ್ಟ್ ಎಷ್ಟೋ ಸಲ ಬೆಳಿಗ್ಗೆ ಸೆಟ್‌ಗೇ ಬರುತ್ತದೆ. ಕ್ಯಾಮೆರಾ ಪಕ್ಕದಲ್ಲಿ ಅಸಿಸ್ಟೆಂಟ್ ನಿಂತು ಡೈಲಾಗ್ ಪ್ರಾಂಪ್ಟ್ ಮಾಡುತ್ತಾನೆ. ಅವನು ಹೇಳುವುದನ್ನು ಕಿವಿಯಲ್ಲಿ ಹಿಡಿದು, ಆಗಷ್ಟೇ ಮನಸ್ಸಿಗೆ ಬಂದ ಮಾತಿನ ಹಾಗೆ ಹೇಳಬೇಕು. ಇದು ಸುಲಭ ಅಂದುಕೊಂಡವರು ಒಂದು ದಿನ ಬಂದು ಮಾಡಿ ನೋಡಲಿ.

ನನ್ನ ವಿಧಾನ ಹೀಗೆ. 'ಪುಟ್ಟಕ್ಕನ ಮಕ್ಕಳು' ಜೀ5ನಲ್ಲಿ ಇದೆ. ಮೊದಲ ಎರಡು ವಾರದ ಎಪಿಸೋಡ್ ಬಿಡದೆ ನೋಡಿ. ಪಾತ್ರ ಕಟ್ಟುವುದು ಅಲ್ಲೇ. ಆಮೇಲೆ ಆರು ತಿಂಗಳು ದಾಟಿ, ಏನೂ ವಿಶೇಷ ಇಲ್ಲದ ಒಂದು ವಾರ ಆರಿಸಿ. ಮದುವೆ, ಹಬ್ಬ, ಮಹಾಸಂಚಿಕೆ ಬೇಡ. ಅಂಥ ದಿನ ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ. ಮಂಗಳವಾರದ ಮಾಮೂಲಿ ಎಪಿಸೋಡ್‌ನಲ್ಲಿ, ಮಾತೆಲ್ಲ ಬೇರೆಯವರದಾಗಿ, ನಮ್ಮ ನಟಿ ಸುಮ್ಮನೆ ನಿಂತಿರುವಾಗ ಏನು ಮಾಡುತ್ತಾರೆ ಅನ್ನುವುದನ್ನು ನೋಡಬೇಕು. ಪುಟ್ಟಕ್ಕ ಮೆಸ್ ನಡೆಸುವವಳು. ಅವಳ ಕೈಗೆ ಯಾವಾಗಲೂ ಕೆಲಸ ಇರುತ್ತದೆ. ಮಾತಿನ ನಡುವೆ ಆ ಕೆಲಸ ಯಾವ ಪದದ ಹತ್ತಿರ ನಿಲ್ಲುತ್ತದೆ, ಮತ್ತೆ ಯಾವಾಗ ಶುರುವಾಗುತ್ತದೆ, ಬರೆದಿಟ್ಟುಕೊಳ್ಳಿ. ಹಿಂದಿನ ದಿನದ ರೀಕ್ಯಾಪ್ ಓಡಿಸಿ. ಒಬ್ಬರ ಮುಖದಿಂದ ಒಬ್ಬರ ಮುಖಕ್ಕೆ ಢಂ ಢಂ ಅಂತ ಕ್ಯಾಮೆರಾ ಹೋಗುವ ರಿಯಾಕ್ಷನ್ ಶಾಟ್‌ಗಳನ್ನು ಮಾತ್ರ ಓಡಿಸಬೇಡಿ. ಅಷ್ಟು ಗದ್ದಲದಲ್ಲಿ ಯಾರು ಕಣ್ಣು ದೊಡ್ಡದು ಮಾಡದೆ ನಿಭಾಯಿಸುತ್ತಾರೆ ಅಂತ ಅಲ್ಲಿ ಸಿಕ್ಕಿಬೀಳುತ್ತದೆ.

ಈಗ ನಿಮ್ಮ ಪಟ್ಟಿಯ ಕಡೆ ಬನ್ನಿ. ಗುಲಾಬಿಯ ಗಂಡ ಇನ್ನೊಬ್ಬಳ ಜೊತೆ ಇದ್ದಾನೆ. ಪುಟ್ಟಕ್ಕನ ಗಂಡನೂ ಅಷ್ಟೇ, ಹುಟ್ಟಿದ್ದೆಲ್ಲ ಹೆಣ್ಣು ಅಂತ ಅವಳನ್ನು ಬಿಟ್ಟು ಇನ್ನೊಂದು ಮದುವೆಯಾದವನು. ಒಂದೇ ಗಾಯ, ಒಬ್ಬರೇ ನಟಿ, ನಡುವೆ ಹದಿಮೂರು ವರ್ಷ. ಗಂಡ ಎದುರಿಗೆ ಬರುವ ದೃಶ್ಯ ಎರಡರಲ್ಲೂ ಹುಡುಕಿ. ಸಿನಿಮಾದಲ್ಲಿ ನಟಿ ದುಃಖವನ್ನು ಬಚ್ಚಿಡಬಹುದು, ಯಾಕೆಂದರೆ ಕತ್ತಲಲ್ಲಿ ಕುಳಿತ ಪ್ರೇಕ್ಷಕ ಹುಡುಕಿಕೊಳ್ಳುತ್ತಾನೆ. ಸೀರಿಯಲ್‌ನಲ್ಲಿ ಹಾಗೆ ಬಚ್ಚಿಟ್ಟರೆ ಒಗ್ಗರಣೆ ಹಾಕುತ್ತಾ ಟಿವಿ ನೋಡುವವಳಿಗೆ ಅದು ಸಿಗುವುದೇ ಇಲ್ಲ. ಅವಳಿಗೆ ದನಿಯಲ್ಲೇ ತಲುಪಿಸಬೇಕು. ಸೀರಿಯಲ್ ನಟನೆ ಜೋರು ಅಂತ ದೂರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನ್ನ ಪ್ರಕಾರ ಗುಲಾಬಿ ದೊಡ್ಡ ಪಾತ್ರ, ಆದರೆ ಪುಟ್ಟಕ್ಕ ಕಷ್ಟದ ಕೆಲಸ.

ಕೊನೆಗೆ ಹಾಸ್ಯ

ಇಷ್ಟೆಲ್ಲ ನೋಡಿದ ಮೇಲೆ ಎಂಬತ್ತು, ತೊಂಬತ್ತರ ದಶಕದ ಹಾಸ್ಯಕ್ಕೆ ಹೋಗಿ. ಎನ್.ಎಸ್. ರಾವ್ ಅವರ ಜೊತೆಯ ಜೋಡಿ ದೃಶ್ಯಗಳು ಯೂಟ್ಯೂಬ್‌ನಲ್ಲಿ ತುಂಡು ತುಂಡಾಗಿ ಸಿಗುತ್ತವೆ. ಕೆಲವು ಮಾತು ಇವತ್ತು ಕೇಳಲು ಮುಜುಗರ, ನಿಜ. ಮನೆಯವರ ಮುಂದೆ ಹಾಕಬೇಡಿ, ಇಯರ್‌ಫೋನ್ ಇರಲಿ. ಆದರೆ ಟೈಮಿಂಗ್ ನೋಡಿ. ಎದುರಿನವರ ಮಾತು ಮುಗಿಯುವ ಮುಂಚೆ ಬೀಳುವ ಉತ್ತರ, ನಗು ಬರುವಷ್ಟು ಜಾಗ ಬಿಟ್ಟು ಮುಂದಿನ ಸಾಲು. ನಮ್ಮಂಥವರು ಡಬ್ಬಿಂಗ್‌ನಲ್ಲಿ ಅದೇ ತುಣುಕನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಲೂಪ್ ಮೇಲೆ ಲೂಪ್ ತೆಗೆದುಕೊಂಡರೂ ಹಾಗೆ ಕೂರುವುದಿಲ್ಲ.

ಯೂಟ್ಯೂಬ್ ಪ್ರತಿಗಳಲ್ಲಿ ಒಂದು ತೊಂದರೆ. ಟಿವಿಗೆ ಅಂತ ಕತ್ತರಿಸಿದ ಪ್ರಿಂಟ್ ಆಗಿದ್ದರೆ ಮೊದಲು ಹಾರಿಸುವುದೇ ಟೈಟಲ್ಸ್ ಮತ್ತು ಹಾಸ್ಯದ ಟ್ರ್ಯಾಕ್. ಅಂದರೆ ನಿಮಗೆ ಬೇಕಾದದ್ದೇ ಇರುವುದಿಲ್ಲ. ಎರಡು ಮೂರು ಪ್ರತಿ ಇದ್ದರೆ ಉದ್ದ ಇರುವುದನ್ನೇ ತೆರೆಯಿರಿ.

ರಂಗಭೂಮಿಯ ಕೆಲಸಕ್ಕೆ ಈ ಉಪಾಯ ಯಾವುದೂ ನಡೆಯುವುದಿಲ್ಲ. ದೇವನೂರ ಮಹಾದೇವ ಅವರ 'ಒಡಲಾಳ'ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಸಾಕವ್ವ ಆಗಿದ್ದವರು ಉಮಾಶ್ರೀ. ಕಳೆದುಹೋದ ಹುಂಜ ಹುಡುಕುವ ಮುದುಕಿ. ನೋಡಿದವರು ಇನ್ನೂ ಇದ್ದಾರೆ, ಸಿಕ್ಕರೆ ಕೂರಿಸಿಕೊಂಡು ಕೇಳಿ. "ಚೆನ್ನಾಗಿತ್ತು" ಅನ್ನುವ ಉತ್ತರಕ್ಕೆ ಬಿಡಬೇಡಿ. ಹೇಗೆ ನಡೆಯುತ್ತಿದ್ದರು, ಹುಂಜ ಕರೆಯುವಾಗ ದನಿ ಎಲ್ಲಿಂದ ಬರುತ್ತಿತ್ತು ಅಂತ ಕೇಳಿ. ಅದಕ್ಕೂ ಮುಂಚೆ ಪುಸ್ತಕ ಓದಿ, ಸಾಕವ್ವನ ಮಾತುಗಳನ್ನು ನೀವೇ ಜೋರಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಪುಟ್ಮಲ್ಲಿಯ ಎರಡು ದೃಶ್ಯ ಹಾಕಿ ಕೇಳಿ, ನಿಮ್ಮ ರೆಕಾರ್ಡಿಂಗ್ ಕೇಳಿ. ಅವರ 'ಶರ್ಮಿಷ್ಠೆ' ಏಕವ್ಯಕ್ತಿ ಪ್ರದರ್ಶನ ನಿಮ್ಮ ಊರಿನ ಹತ್ತಿರ ಆದರೆ ಟಿಕೆಟ್ ತೆಗೆದುಕೊಳ್ಳಿ. ಮುಂದಿನ ಸಾಲು ಬೇಡ, ಹಿಂದೆ ಕೂತು ಕೇಳಿ.