ಆಣೆ ಮುರಿದಾಗ ಕಫ್ಫಾರ ತೀರಿಸುವ ಬಗೆ

“ಆಣೆ ತಪ್ಪಿದೆ, ಮೂರು ದಿನ ಉಪವಾಸ ಹಿಡಿದರೆ ಮುಗಿಯಿತು” ಎಂದುಕೊಂಡವರೇ ಹೆಚ್ಚು. ಆಣೆ ಮುರಿದದ್ದಕ್ಕೆ ತೀರಿಸಬೇಕಾದ ಪ್ರಾಯಶ್ಚಿತ್ತವೇ ಕಫ್ಫಾರ. ಅದಕ್ಕೆ ಕುರ್‌ಆನ್‌ನ 5ನೇ ಅಧ್ಯಾಯದ 89ನೇ ಸೂಕ್ತ ಹೇಳುವ ಕ್ರಮ ಬೇರೆ. ಹತ್ತು ಬಡವರಿಗೆ ಊಟ, ಇಲ್ಲವೇ ಹತ್ತು ಬಡವರಿಗೆ ಬಟ್ಟೆ, ಇಲ್ಲವೇ ಒಬ್ಬ ಗುಲಾಮನ ಬಿಡುಗಡೆ: ಈ ಮೂರರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು. ಮೂರೂ ಕೈಲಾಗದವನಿಗೆ ಮಾತ್ರ ಆ ಮೂರು ದಿನದ ಉಪವಾಸ. ಅನುಕೂಲ ಇದ್ದವನು ಮೂವತ್ತು ದಿನ ಉಪವಾಸ ಮಾಡಿದರೂ ಕಫ್ಫಾರ ಹಾಗೆಯೇ ಉಳಿಯುತ್ತದೆ. ಗುಲಾಮರ ಕಾಲ ಮುಗಿದಿರುವುದರಿಂದ ಈಗ ಉಳಿದಿರುವುದು ಊಟ ಮತ್ತು ಬಟ್ಟೆ.

ಅಕ್ಕಿ ಅಳೆಯುವ ಮೊದಲು ಬಾಯಿಂದ ಬಂದ ಮಾತು ನಿಜಕ್ಕೂ ಆಣೆಯೇ ಎಂದು ನೋಡಿ. ಅಲ್ಲಾಹನ ಹೆಸರಿನಲ್ಲಿ ಅಥವಾ ಅವನ ಗುಣವಿಶೇಷಗಳ ಹೆಸರಿನಲ್ಲಿ ಮಾಡಿದ್ದು ಆಣೆ. “ತಾಯಾಣೆ”, “ಮಕ್ಕಳ ತಲೆಯಾಣೆ”, “ಕಅಬಾದ ಆಣೆ” ಎಂದರೆ ಆಣೆಯಾಗುವುದಿಲ್ಲ, ಕಫ್ಫಾರವೂ ಇಲ್ಲ. ಆದರೆ ಹಾಗೆ ಹೇಳುವುದಕ್ಕೇ ನಿಷೇಧವಿದೆ: ಆಣೆ ಮಾಡುವವನು ಅಲ್ಲಾಹನ ಮೇಲೆ ಮಾಡಲಿ, ಇಲ್ಲವೇ ಸುಮ್ಮನಿರಲಿ ಎಂದು ಪ್ರವಾದಿ(ಸ)ಯವರು ಹೇಳಿದ್ದಾರೆ. ಆಣೆಯ ಮಾತಿಗೆ ಅಂಟಿಕೊಂಡಂತೆಯೇ, ಆ ಉದ್ದೇಶದಿಂದಲೇ “ಇನ್‌ಶಾ ಅಲ್ಲಾಹ್” (ಅಲ್ಲಾಹನು ಬಯಸಿದರೆ) ಎಂದು ಸೇರಿಸಿದ್ದರೂ ಮುರಿಯುವ ಪ್ರಶ್ನೆ ಬರುವುದಿಲ್ಲ. ಅರ್ಧ ಗಂಟೆಯ ನಂತರ ನೆನಪಾಗಿ ಸೇರಿಸಿದರೆ ಪ್ರಯೋಜನವಿಲ್ಲ.

ಅಲ್ಲಾಹನ ಹೆಸರಿನ ಆಣೆಯಲ್ಲೂ ಮೂರು ಬಗೆ. ಮಾತಿನ ಭರದಲ್ಲಿ “ವಲ್ಲಾಹಿ (ಅಲ್ಲಾಹನಾಣೆ) ಇಲ್ಲ, ವಲ್ಲಾಹಿ ಹೌದು” ಎಂದು ನಾಲಿಗೆಯಿಂದ ಜಾರಿದ್ದು ಶಾಫಿಈ ಮದ್‌ಹಬ್‌ನಲ್ಲಿ (ಧರ್ಮಶಾಸ್ತ್ರದ ಒಂದು ಪಂಥದಲ್ಲಿ) ಲಗ್ವ್, ಅಂದರೆ ಲೆಕ್ಕಕ್ಕಿಲ್ಲದ್ದು. ಇನ್ನೊಂದು ಮದ್‌ಹಬ್‌ನವರಾದ ಹನಫಿಗಳ ಪ್ರಕಾರ ಲಗ್ವ್ ಎಂದರೆ, ನಡೆದುಹೋದ ಸಂಗತಿಯನ್ನು ನಿಜವೆಂದೇ ನಂಬಿ ಆಣೆ ಮಾಡಿ, ಆಮೇಲೆ ತಾನು ತಪ್ಪು ತಿಳಿದಿದ್ದೆ ಎಂದು ಗೊತ್ತಾಗುವುದು. ಎರಡನೆಯದು ಗಮೂಸ್: ಸುಳ್ಳೆಂದು ಗೊತ್ತಿದ್ದೇ ಹಿಂದಿನ ಸಂಗತಿಯ ಬಗ್ಗೆ ಮಾಡುವ ಆಣೆ. ಇದು ಮಹಾಪಾಪಗಳ ಸಾಲಿಗೆ ಸೇರಿದ್ದು. ಹತ್ತು ಜನರ ಊಟದಿಂದ ತೊಳೆಯುವಷ್ಟು ಹಗುರದ ಪಾಪವಲ್ಲ ಎಂದು ಹನಫಿಗಳು ಇದಕ್ಕೆ ಕಫ್ಫಾರವನ್ನೇ ಇಟ್ಟಿಲ್ಲ. ತೌಬಾ (ಪಶ್ಚಾತ್ತಾಪ) ಮಾಡಬೇಕು, ಯಾರದಾದರೂ ಹಕ್ಕು ಹೋಗಿದ್ದರೆ ಹಿಂದಿರುಗಿಸಬೇಕು. ಶಾಫಿಈಗಳಲ್ಲಿ ಇವೆರಡರ ಜೊತೆಗೆ ಕಫ್ಫಾರವೂ ಕಡ್ಡಾಯ. ಮೂರನೆಯದು, ಮುಂದೆ ಮಾಡುವೆ ಅಥವಾ ಮಾಡಲಾರೆ ಎಂದು ಮನಸ್ಸಿಟ್ಟು ಮಾಡಿದ ಆಣೆ. ಕಫ್ಫಾರದ ಮುಖ್ಯ ವಿಷಯ ಇದೇ.

ಮುರಿದಿದೆಯೋ ಇಲ್ಲವೋ ಎಂಬುದನ್ನೂ ಆಡಿದ ಮಾತನ್ನು ಹಿಡಿದೇ ತೂಗಬೇಕು. “ಈ ರೊಟ್ಟಿ ತಿನ್ನುವುದಿಲ್ಲ” ಎಂದವನು ಅದರಲ್ಲಿ ತುಂಡೊಂದನ್ನು ಬಿಟ್ಟು ಉಳಿದದ್ದನ್ನು ತಿಂದರೆ ಆಣೆ ಮುರಿಯುವುದಿಲ್ಲ. “ಅವನ ಮನೆಗೆ ಕಾಲಿಡುವುದಿಲ್ಲ” ಎಂಬ ಮಾತಿಗೆ ಹನಫಿ ಗ್ರಂಥಗಳಲ್ಲಿ ರೂಢಿಯ ಅರ್ಥವೇ ಅರ್ಥ, ಅಂದರೆ ಒಳಗೆ ಹೋಗುವುದು. ಸವಾರಿಯ ಮೇಲೆ ಕುಳಿತು ಒಳಹೋದರೂ ಮುರಿಯಿತು. ಹೊರಗೆ ನಿಂತು ಹೊಸ್ತಿಲಾಚೆ ಒಂದು ಪಾದ ಚಾಚಿದರೆ ಮುರಿಯಲಿಲ್ಲ. ಮರೆತು ಮಾಡಿದರೆ ಶಾಫಿಈಗಳಲ್ಲಿ ಆಣೆ ಮುರಿಯುವುದಿಲ್ಲ, ಹನಫಿಗಳಲ್ಲಿ ಮುರಿಯುತ್ತದೆ. ನ್ಯಾಯಾಧೀಶರ ಮುಂದೆ ಮಾತ್ರ ಈ ಜಾಣತನ ನಡೆಯದು. ಅಲ್ಲಿ ಆಣೆ ಮಾಡಿಸಿದವರು ಉದ್ದೇಶಿಸಿದ ಅರ್ಥವೇ ನಿಲ್ಲುತ್ತದೆ.

ಕೆಲವು ಆಣೆಗಳನ್ನು ಮುರಿಯಲೇಬೇಕು. ಸ್ವಂತ ತಮ್ಮನ ಜೊತೆ ಇನ್ನು ಮಾತಾಡಲಾರೆ ಎಂದು ಆಣೆ ಹಾಕಿ, ಅದನ್ನು ಉಳಿಸಿಕೊಳ್ಳುವುದೇ ಧರ್ಮನಿಷ್ಠೆ ಎಂದು ವರ್ಷಗಟ್ಟಲೆ ಮುಖ ತಿರುಗಿಸಿಕೊಂಡಿರುವವರಿದ್ದಾರೆ. ಅದು ತಪ್ಪಿನ ಮೇಲೆ ತಪ್ಪು. ತಮ್ಮ ಮಗಳು ಆಯಿಶಾ(ರ) ಅವರ ಮೇಲಿನ ಅಪವಾದದ ಮಾತಿನಲ್ಲಿ ಸೇರಿಕೊಂಡ ಬಂಧು ಮಿಸ್ತಹ್‌ಗೆ ಇನ್ನು ಏನನ್ನೂ ಕೊಡಲಾರೆ ಎಂದು ಪ್ರವಾದಿಯವರ ಸಂಗಾತಿ ಅಬೂಬಕ್ಕರ್(ರ) ಆಣೆ ಮಾಡಿದಾಗ 24ನೇ ಅಧ್ಯಾಯದ 22ನೇ ಸೂಕ್ತ ಇಳಿಯಿತು; ಅವರು ನೆರವನ್ನು ಮತ್ತೆ ಆರಂಭಿಸಿದರು. ಆಣೆ ಮಾಡಿದ ಮೇಲೆ ಅದಕ್ಕಿಂತ ಒಳ್ಳೆಯದು ಕಂಡರೆ ಒಳ್ಳೆಯದನ್ನೇ ಮಾಡಿ ಕಫ್ಫಾರ ಕೊಡಿ ಎಂಬುದು ಹದೀಸ್‌ನ (ಪ್ರವಾದಿವಚನದ) ಮಾತು. ಶಾಫಿಈಗಳಲ್ಲಿ ಊಟ ಅಥವಾ ಬಟ್ಟೆಯ ಕಫ್ಫಾರವನ್ನು ಮುರಿಯುವ ಮೊದಲೇ ಕೊಡಬಹುದು, ಉಪವಾಸವನ್ನು ಮೊದಲೇ ಮಾಡುವಂತಿಲ್ಲ. ಹನಫಿಗಳಲ್ಲಿ ಯಾವುದನ್ನೂ ಮೊದಲೇ ತೀರಿಸುವಂತಿಲ್ಲ.

ಈಗ ಅಳತೆ. ಶಾಫಿಈಗಳಲ್ಲಿ ಹತ್ತು ಬಡವರಲ್ಲಿ ಒಬ್ಬೊಬ್ಬರಿಗೂ ಒಂದು ಮುದ್ದ್ ಧಾನ್ಯ, ಆ ಊರಿನ ಮುಖ್ಯ ಆಹಾರ ಯಾವುದೋ ಅದು. ಮುದ್ದ್ ಎಂಬುದು ತೂಕವಲ್ಲ, ಪಾತ್ರೆಯ ಅಳತೆ: ಸಾಧಾರಣ ಗಾತ್ರದ ಕೈಗಳ ಒಂದು ತುಂಬು ಬೊಗಸೆ. ಹಾಗಾಗಿಯೇ ಧಾನ್ಯ ಬದಲಾದರೆ ತೂಕವೂ ಬದಲಾಗುತ್ತದೆ. ತಲೆಗೆ 750 ಗ್ರಾಂ ಹಿಡಿದರೆ ಕಡಿಮೆ ಬೀಳುವ ಭಯವಿಲ್ಲ. ಒಟ್ಟು ಏಳೂವರೆ ಕಿಲೋ. ಧಾನ್ಯವನ್ನೇ ಅವರ ಕೈಗೆ, ಅವರದ್ದಾಗುವಂತೆ ಕೊಡಬೇಕು. ಬೇಯಿಸಿ ಬಡಿಸಿದರೆ ಸಲ್ಲದು, ಹಣ ಕೊಟ್ಟರೂ ಸಲ್ಲದು. ಐವರಿಗೆ ಅಕ್ಕಿ, ಐವರಿಗೆ ಬಟ್ಟೆ ಎಂದು ಹಂಚಿದರೂ ಆಗದು.

ಹನಫಿಗಳಲ್ಲಿ ತಲೆಗೆ ಅರ್ಧ ಸಾಅ್ (ಇದೂ ಪಾತ್ರೆಯ ಅಳತೆಯೇ) ಗೋಧಿ, ಸುಮಾರು ಒಂದೂಮುಕ್ಕಾಲು ಕಿಲೋ. ಜವೆಗೋಧಿ ಅಥವಾ ಖರ್ಜೂರವಾದರೆ ಅದರ ಎರಡರಷ್ಟು. ಅಷ್ಟರ ಬೆಲೆಯನ್ನು ಹಣವಾಗಿ ಕೊಡಬಹುದು, ಹತ್ತು ಜನರನ್ನು ಕೂರಿಸಿ ಎರಡು ಹೊತ್ತು ಹೊಟ್ಟೆ ತುಂಬ ಉಣಿಸಲೂಬಹುದು. ಎಡವುವುದು ಇಲ್ಲಿಯೇ: ಬೆಳಿಗ್ಗೆ ಉಂಡ ಹತ್ತು ಮಂದಿಯೇ ರಾತ್ರಿಯೂ ಉಣ್ಣಬೇಕು. ಬೆಳಿಗ್ಗೆ ಹತ್ತು, ರಾತ್ರಿ ಬೇರೆ ಹತ್ತು ಎಂದಾದರೆ ಇಪ್ಪತ್ತು ಮಂದಿ ಉಂಡರೂ ಕಫ್ಫಾರ ತೀರಲಿಲ್ಲ. ಪೂರ್ತಿ ಊಟ ಮಾಡಲಾಗದ ಎಳೆಯ ಮಕ್ಕಳು ಲೆಕ್ಕಕ್ಕಿಲ್ಲ. ಜವೆಗೋಧಿ ರೊಟ್ಟಿಯಾದರೆ ನಂಚಿಕೊಳ್ಳಲು ಏನಾದರೂ ಇರಲೇಬೇಕು, ಒಣ ರೊಟ್ಟಿಯಲ್ಲಿ ಹೊಟ್ಟೆ ತುಂಬದು ಎನ್ನುವಷ್ಟು ವಿವರಕ್ಕೆ ಇಳಿದಿದ್ದಾರೆ ಹಿಂದಿನ ವಿದ್ವಾಂಸರು. ಹತ್ತು ಮಂದಿ ಸಿಗದಿದ್ದರೆ ಒಬ್ಬನಿಗೇ ಹತ್ತು ದಿನ ಕೊಡಬಹುದು. ಹತ್ತರ ಹಣವನ್ನೂ ಒಬ್ಬನ ಕೈಗೆ ಒಂದೇ ದಿನ ಇಟ್ಟರೆ ಒಬ್ಬನದಷ್ಟೇ ಸಂದಿತು, ಒಂಬತ್ತು ಬಾಕಿ. ಶಾಫಿಈಗಳಲ್ಲಿ ಒಬ್ಬನಿಗೇ ಹತ್ತು ದಿನ ಕೊಡುವ ದಾರಿಯೇ ಇಲ್ಲ, ಹತ್ತು ಬೇರೆ ಬೇರೆ ತಲೆಗಳೇ ಬೇಕು. ಹಣ ಕೊಡುವುದಕ್ಕೆ ಹನಫಿ, ಪ್ರಮಾಣ ಕಡಿಮೆ ಎಂದು ಶಾಫಿಈ, ಹೀಗೆ ಹೆಕ್ಕಿ ಜೋಡಿಸಿದರೆ ಎರಡೂ ಕಡೆ ಕೂಡದ ಕಫ್ಫಾರವಾಗುತ್ತದೆ.

ಬಟ್ಟೆಯ ವಿಷಯ ಸರಳ. ಹನಫಿಗಳಲ್ಲಿ ಮೈಯ ಹೆಚ್ಚು ಭಾಗ ಮುಚ್ಚುವಂಥದ್ದು ಬೇಕು. ಶಾಫಿಈಗಳಲ್ಲಿ ಒಂದು ಅಂಗಿ, ಲುಂಗಿ ಅಥವಾ ರುಮಾಲು ಸಾಕು. ಪಾದರಕ್ಷೆ, ಕೈಗವಸು ಬಟ್ಟೆಯಲ್ಲ.

ಯಾವುದನ್ನೇ ಕೊಡಲಿ, ಕೊಡುವಾಗ ಕಫ್ಫಾರ ಎಂಬ ನಿಯ್ಯತ್ (ಸಂಕಲ್ಪ) ಇರಲಿ. ಕೊಟ್ಟ ಮೇಲೆ ನೆನಪಾದರೆ ಅದು ಬರೀ ದಾನ. ತಂದೆತಾಯಿ, ಹೆಂಡತಿ, ಮಕ್ಕಳು ಹೀಗೆ ತಾನೇ ಸಾಕಬೇಕಾದವರಿಗೆ ಕೊಡುವಂತಿಲ್ಲ.

ತನ್ನ ಮತ್ತು ಮನೆಯವರ ಅಗತ್ಯ ಕಳೆದು ಏನೂ ಉಳಿಯದಿದ್ದರೆ ಉಪವಾಸ. ಸುನ್ನತ್ (ಐಚ್ಛಿಕ) ಉಪವಾಸದ ಹಾಗೆ ಬೆಳಿಗ್ಗೆ ಎದ್ದು ನಿಯ್ಯತ್ ಮಾಡಿದರೆ ಸಾಲದು, ಫಜ್ರ್‌ಗೆ (ನಸುಕಿಗೆ) ಮೊದಲೇ ಆಗಿರಬೇಕು. ಎರಡು ಈದ್ ದಿನಗಳಲ್ಲೂ ಝುಲ್‌ಹಿಜ್ಜ ತಿಂಗಳ 11ರಿಂದ 13ರವರೆಗೂ ಹಿಡಿಯುವಂತಿಲ್ಲ. ಶಾಫಿಈಗಳು ಬಿಡಿಬಿಡಿಯಾಗಿ ಹಿಡಿಯಬಹುದು. ಹನಫಿಗಳಿಗೆ ಮೂರೂ ಸಾಲಾಗಿಯೇ ಬರಬೇಕು. ನಡುವೆ ಮುಟ್ಟಾದರೂ ಮತ್ತೆ ಒಂದರಿಂದ ಎಣಿಕೆ. ಮೂರನೆಯ ದಿನದ ಸೂರ್ಯ ಮುಳುಗುವ ಮೊದಲು ಕೈಗೆ ಹಣ ಬಂದರೆ ಹನಫಿಗಳಲ್ಲಿ ಆ ಉಪವಾಸ ಕಫ್ಫಾರವಾಗಿ ಉಳಿಯುವುದಿಲ್ಲ, ಹತ್ತು ಮಂದಿಯ ಊಟಕ್ಕೇ ಮರಳಬೇಕು. ಶಾಫಿಈಗಳಲ್ಲಿ ಒಮ್ಮೆ ಆರಂಭಿಸಿದವನು ಹಾಗೆಯೇ ಮುಂದುವರಿಸಬಹುದು.